ಹುಣಸಿಮರದವ್ವನ ಮುದ್ರೆ

ಕಾಜಲಳ ಮಣಿಕಟ್ಟಿನ ಮೇಲೆ ಆ ಗುರುತು ಎದ್ದದ್ದು ಮಂಗಳವಾರ ಬೆಳಿಗ್ಗೆ. ಹುಣಸೆಕಾಯಿಯ ಹಾಗೆ ಬಾಗಿದ ಒಂದು ಗೆರೆ, ಅದಕ್ಕೆ ಅಡ್ಡವಾಗಿ ಎರಡು ಗೆರೆ. ಉಬ್ಬಿ, ನೀರು ತುಂಬಿ, ಅಂಚಿನಲ್ಲಿ ಕಪ್ಪಾಗಿತ್ತು. ತಾಯಿ ಮೀನಾ ನೋಡಿದವಳೇ ಎದೆ ಬಡಿದುಕೊಂಡಳು.

"ಭಾನಾಮತಿ! ನನ್ನ ಮಗಳಿಗಿ ಯಾರೋ ಭಾನಾಮತಿ ಮಾಡ್ಯಾರ!"

ಮಂಠಾಳದಲ್ಲಿ ಆ ಮಾತು ಒಮ್ಮೆ ಬಾಯಿಂದ ಬಿದ್ದರೆ ಮುಗಿಯಿತು. ಬೆಂಕಿಗಾದರೂ ಗಾಳಿ ಬೇಕು, ಮಾಟದ ಸುದ್ದಿಗೆ ಅದೂ ಬೇಡ.

ಬಸವಕಲ್ಯಾಣದಿಂದ ಸಬ್ ಇನ್‌ಸ್ಪೆಕ್ಟರ್ ವಿಜಯಶ್ರೀಯ ಜೀಪು ಬರುವಷ್ಟರಲ್ಲಿ ಯಶೋದಾಬಾಯಿ ಎಂಬ ಒಂಟಿ ಮುದುಕಿಯನ್ನು ಬೇವಿನ ಮರಕ್ಕೆ ಕಟ್ಟಿದ್ದರು. ಅವಳ ಮೈದುನನ ಮಗ ಕಾಶಿರಾಮನ ಕೈಯಲ್ಲಿ ಇಕ್ಕಳವಿತ್ತು. ಮಾಟಗಾತಿಯ ಹಲ್ಲು ಕಿತ್ತರೆ ಮಂತ್ರ ತೊದಲುತ್ತದೆ, ಆಮೇಲೆ ಯಾರಿಗೂ ತಗಲುವುದಿಲ್ಲ ಎಂದು ಈ ಕಡೆ ಒಂದು ಹಾಳು ನಂಬಿಕೆ. ಮುದುಕಿ ತುಟಿ ಬಿಗಿಹಿಡಿದಿದ್ದಳು.

"ಇಕ್ಕಳ ಕೆಳಗ ಒಗಿ," ಎಂದಳು ವಿಜಯಶ್ರೀ.

"ಮ್ಯಾಡಮ್, ಮೊದಲ ಇದು ನೋಡ್ರಿ." ಕಾಶಿರಾಮ ಒಂದು ದಪ್ಪ ಪುಸ್ತಕ ಬಿಚ್ಚಿ ಹಿಡಿದ. "ಇದೇ ಮುದ್ರಿ. ಇದೇ ಮಾರಿ. ನಮ್ಮ ದೊಡ್ಡವ್ವನ ಮಾರಿ!"

ಪುಸ್ತಕದ ಹೆಸರು 'ಹುಣಸಿಮರದವ್ವ'. ಬಸವಕಲ್ಯಾಣದ ಚಿತ್ರಕಾರ ಸೂರ್ಯಕಾಂತ ತಿಂಗಳಿಗೊಂದರಂತೆ ಬರೆದ ಮಾಟಮಂತ್ರದ ಚಿತ್ರಕಥೆಗಳನ್ನೆಲ್ಲ ಕೂಡಿಸಿದ ಸಂಪುಟ. ಅದರಲ್ಲಿ ಮುದುಕಿಯೊಬ್ಬಳು ತನಗೆ ಆಗದವರ ಕೈಮೇಲೆ ಈ ಮುದ್ರೆ ಒತ್ತುತ್ತಾಳೆ. ಒತ್ತಿಸಿಕೊಂಡವರು ಅಮಾವಾಸ್ಯೆಗೆ ಸಾಯುತ್ತಾರೆ. ಚಿತ್ರದ ಮುಖ ನಿಜಕ್ಕೂ ಯಶೋದಾಬಾಯಿಯದೇ.

ವಿಜಯಶ್ರೀಯ ಮೈಮೇಲೆ ಮುಳ್ಳೆದ್ದವು. ಇದೇ ಸೀಮೆಯ ಕೊಡಂಬಲದಲ್ಲಿ ಹುಟ್ಟಿ ಬೆಳೆದವಳು ಅವಳು. ಭಾನಾಮತಿಯ ಕಥೆ ಕೇಳಿ ತಾಯಿಯ ಸೆರಗಿನೊಳಗೆ ಮುಖ ಹುದುಗಿಸಿದವಳು. ಖಾಕಿ ತೊಟ್ಟ ಮಾತ್ರಕ್ಕೆ ಹೆದರಿಕೆ ಹೋಗುತ್ತದೆಯೇ? ಆದರೂ ಹಗ್ಗ ಬಿಚ್ಚಿಸಿ ಮುದುಕಿಯನ್ನು ಜೀಪಿಗೆ ಹತ್ತಿಸಿದಳು.

"ಶುಕ್ರವಾರ ಅಮಾಸಿ ಅದ," ಎಂದು ಕಾಶಿರಾಮ ಹಿಂದಿನಿಂದ ಕೂಗಿದ. "ಹುಡುಗಿಗಿ ಏನರ ಆತಂದ್ರ ಠಾಣಾಕ್ಕೇ ಬರ್ತೀವಿ. ಹಲ್ಲಷ್ಟ ಅಲ್ಲ, ಜೀವ ತಗೀತೀವಿ!"

* * *

ಮಧ್ಯಾಹ್ನದೊಳಗೆ ಇನ್ನೆರಡು ಕೈಗಳ ಸುದ್ದಿ ಬಂತು. ಒಂದು ಹುಮನಾಬಾದಿನ ಮೊಬೈಲ್ ರಿಪೇರಿಯ ನಸೀರನದು, ಇನ್ನೊಂದು ಬಸವಕಲ್ಯಾಣದ ಮೇಷ್ಟ್ರು ಅವಿನಾಶರದು. ಅದೇ ಮುದ್ರೆ, ಅದೇ ಜಾಗ. ಡಾಕ್ಟರು ಯಾವುದೋ ರಸ ತಗಲಿ ಸುಟ್ಟಂತಿದೆ ಎಂದರೇ ಹೊರತು ಯಾವುದು ಎನ್ನಲಿಲ್ಲ.

"ಈ ಮೂರು ದಿನದಾಗ ಎಲ್ಲೆಲ್ಲಿ ಹೋಗಿದ್ದಿ?" ಎಂದು ವಿಜಯಶ್ರೀ ನಸೀರನನ್ನು ಕೇಳಿದಳು.

"ಭಾನುವಾರ ಮಾಣಿಕನಗರಕ್ರಿ. ಧನರಾಜ ಸೇಠರ ಪುಸ್ತಕದ ಅಂಗಡಿಗಿ. ಹುಣಸಿಮರದವ್ವನ ಓದುಗರ ಭೇಟಿ ಇತ್ತು. ಕಥಿ ಬರದವ್ರು ನಮ್ಮ ಹೆಸರು ಕೇಳಿ ಪುಸ್ತಕದ ಮ್ಯಾಲ ಸಹಿ ಮಾಡಿದ್ರು. ಮಜಾಕ್ಕ ಅಂತ ಎಲ್ಲರ ಕೈಮ್ಯಾಲ ರಬ್ಬರ್ ಠಸ್ಸೆ ಒತ್ತಿದ್ರು."

"ಇದೇ ಮುದ್ರಿ?"

"ಇದೇರಿ. ಮನಿಗಿ ಬಂದು ಸಾಬೂನ್ ಹಚ್ಚಿ ತೊಳದೆ. ಇವತ್ತ ಅದೇ ಜಾಗದಾಗ ತಾನಾಗೇ ಎದ್ದದ." ಅವನ ದನಿ ಕುಸಿಯಿತು. "ಮ್ಯಾಡಮ್, ನಾ ಸಾಯ್ತೀನೇನ್ರಿ?"

ಕಾಜಲ, ಅವಿನಾಶರೂ ಅಲ್ಲಿಗೆ ಹೋಗಿದ್ದರು. ಠಸ್ಸೆ ಒತ್ತಿಸಿಕೊಂಡವರು ಅಂಗಡಿ ತುಂಬ ಇದ್ದರು. ಎದ್ದದ್ದು ಮೂವರಿಗೆ ಮಾತ್ರ. ಯಾಕೆ?

* * *

ಧನರಾಜನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಪುಟ ಖಾಲಿಯಾಗಿತ್ತು. ಕೇಳುವವರು ಇನ್ನೂ ಬರುತ್ತಲೇ ಇದ್ದರು.

"ಭಾನಾಮತಿ ಪುಸ್ತಕ ಅಂತ ಕಲಬುರಗಿಯಿಂದ ಫೋನ್ ಬರಾಕತ್ಯಾವ್ರಿ," ಎಂದು ಧನರಾಜ ಹಲ್ಲು ಕಿರಿದ.

ಲಾಭ ಯಾರಿಗೋ ಕೈ ಅವರದೇ ಎಂದುಕೊಂಡಳು ವಿಜಯಶ್ರೀ. ಆದರೆ ಆ ದಿನದ ವಿಡಿಯೋ ಹಾಕಿಸಿ ನೋಡಿದರೆ ಧನರಾಜ ಬಾಗಿಲು ಬಿಟ್ಟು ಕದಲಿರಲಿಲ್ಲ. ಕಾಶಿರಾಮ ಆ ಕಡೆ ಸುಳಿದಿರಲೇ ಇಲ್ಲ. ಮೇಜಿನ ಹಿಂದೆ ಕೂತಿದ್ದವನು ಸೂರ್ಯಕಾಂತ ಒಬ್ಬನೇ. ಅವನು ಎಲ್ಲರ ಹೆಸರೂ ಕೇಳಿ, ಎಲ್ಲರಿಗೂ ನಕ್ಕು, ಎಲ್ಲರಿಗೂ ಅದೇ ಠಸ್ಸೆ ಒತ್ತಿದ್ದ.

ಸೂರ್ಯಕಾಂತ ಮನೆಯಲ್ಲೇ ಸಿಕ್ಕ. ಬಡಕಲು ಮೈ, ಮೆತ್ತಗಿನ ಮಾತು. ಬಲಗೈಗೆ ಬಟ್ಟೆ ಸುತ್ತಿತ್ತು.

"ಚಹಾ ಚೆಲ್ಲಿ ಸುಟ್ಟದ್ರಿ," ಎಂದ. ಆಮೇಲೆ ದನಿ ತಗ್ಗಿಸಿದ. "ಆ ಮುದುಕಿನ್ನ ಮಂಠಾಳದ ಸಂತ್ಯಾಗ ನೋಡಿ ಮಾರಿ ಬರದಿದ್ದೆ. ಆಕಿ ಖರೇನೇ ಎದ್ದು ಬರ್ತಾಳಂತ ಯಾರಿಗ ಗೊತ್ತಿತ್ತು? ಜನ ಭಾಳ ಅಂಜ್ಯಾರೇನ್ರಿ?"

ಕೇಳಿದ ರೀತಿ ವಿಜಯಶ್ರೀಗೆ ಹಿಡಿಸಲಿಲ್ಲ. ಉಂಡ ಅತಿಥಿಯನ್ನು ಅಡುಗೆ ಹೇಗಿತ್ತು ಎಂದು ಕೇಳಿದ ಹಾಗಿತ್ತು.

* * *

ಗುರುವಾರ. ಠಾಣೆಯ ಮೂಲೆಯಲ್ಲಿ ಯಶೋದಾಬಾಯಿ ಗೋಡೆಗೊರಗಿ ಕೂತಿದ್ದಳು. ಗೇಟಿನ ಹೊರಗೆ ಮಂಠಾಳದ ಜನ ಆಗಲೇ ಸೇರತೊಡಗಿದ್ದರು. ನಾಳೆ ಅಮಾವಾಸ್ಯೆ. ಕಾಜಲ ಅಂಜಿ ಅನ್ನ ಬಿಟ್ಟು ಆಸ್ಪತ್ರೆ ಸೇರಿದ್ದಳು. ಅವಳಿಗೆ ಏನಾದರೂ ಆದರೆ ಈ ಗೇಟು ನಿಲ್ಲುವುದಿಲ್ಲ.

ಬೇರೇನೂ ತೋಚದೆ ವಿಜಯಶ್ರೀ ಮೊಬೈಲಿನಲ್ಲಿ ಪುಸ್ತಕ ಮಾರುವ ಜಾಲತಾಣದ ಪುಟ ತೆರೆದು ಓದುಗರ ಅಭಿಪ್ರಾಯ ಓದತೊಡಗಿದಳು. ಪುಸ್ತಕ ಬಂದು ತಿಂಗಳಾಗಿತ್ತು, ಬರೆದವರು ಬಹಳ.

"ಮಸಿ ಹೆಚ್ಚಾಗಿದೆ, ದೆವ್ವ ಯಾವುದು ಹುಣಸೆಮರ ಯಾವುದು ತಿಳಿಯದು." "ಪಾರ್ಸೆಲ್ ಹರಿದು ಬಂದಿದೆ, ದೆವ್ವದ ಕೆಲಸವಲ್ಲ, ಅಂಚೆಯವರದು." "ಒಬ್ಬರೇ ಇದ್ದಾಗ ಓದಬೇಡಿ." ಹೆಸರಿಲ್ಲದ ಒಬ್ಬ ಸೋಮವಾರ ಬರೆದಿದ್ದ: "ಈ ಮುದುಕಿ ಮಂಠಾಳದಲ್ಲಿದ್ದಾಳೆ. ನಗುವವರ ಕೈಮೇಲೆ ಮುದ್ರೆ ಏಳುತ್ತದೆ."

ಸೋಮವಾರ! ಗುರುತು ಎದ್ದದ್ದು ಮಂಗಳವಾರ. ಅವಳು ನೆಟ್ಟಗೆ ಕೂತು ಮೊದಲಿನಿಂದ ಹುಡುಕಿದಳು.

ಕಾಜಲ, ಮಂಠಾಳ: "ಭಯ ಬರಲಿಲ್ಲ. ನಮ್ಮ ಅಜ್ಜಿ ಇದಕ್ಕಿಂತ ಚಂದ ಹೆದರಿಸುತ್ತಿದ್ದಳು." ನಸೀರ್, ಹುಮನಾಬಾದ್: "ಓದುತ್ತ ಓದುತ್ತ ನಿದ್ದೆ ಹೋದೆ." ಅವಿನಾಶ: "ಇದು ಭಯಾನಕವಲ್ಲ, ಹಾಸ್ಯ."

ಹಾಗೆ ಬರೆದು ಭೇಟಿಗೂ ಹೋದವರು ಆ ಮೂವರೇ. ಅದರ ಕೆಳಗೆ ವಹೀದಾ ಎಂಬವಳ ಗೊಣಗಾಟವಿತ್ತು: "ಭಾನುವಾರ ಸಹಿ ಹಾಕಿಸಿಕೊಂಡೆ. ಆ ಪುಟದ ತುಂಬ ಎಣ್ಣೆ ಬೆರಳಿನ ಕಲೆ. ಭಜಿ ತಿಂದು ಸಹಿ ಮಾಡುತ್ತಾರೆಯೇ?"

ಎಣ್ಣೆ. ವಿಜಯಶ್ರೀ ದಿಗ್ಗನೆ ಎದ್ದಳು. ಮನೆಯ ಬಾಗಿಲಿಗೆ ದೃಷ್ಟಿಗೆಂದು ಕಟ್ಟುವ ಬಿಬ್ಬಾ, ಅಂದರೆ ಕೇರಿನ ಬೀಜ, ಅದನ್ನು ಒಡೆಯುವ ಮುಂಚೆ ಈ ಸೀಮೆಯ ಯಾರೇ ಆಗಲಿ ಕೈಗೆ ಎಣ್ಣೆ ಬಳಿದುಕೊಳ್ಳುತ್ತಾರೆ. ಇಲ್ಲದಿದ್ದರೆ ಆ ಕಪ್ಪು ರಸ ತಗಲಿದಲ್ಲಿ ಒಂದೆರಡು ದಿನದಲ್ಲಿ ಬೊಬ್ಬೆ ಏಳುತ್ತದೆ.

* * *

ಸೂರ್ಯಕಾಂತನನ್ನು ಕರೆತಂದು ಗೇಟಿನ ಒಳಗೆ ಜನರ ಎದುರಿಗೇ ನಿಲ್ಲಿಸಿದಳು. ಮೀನಾ, ಕಾಶಿರಾಮ ಮುಂದಿನ ಸಾಲಿನಲ್ಲಿದ್ದರು.

"ಬಟ್ಟಿ ಬಿಚ್ಚು."

ಅವನು ಹಿಂದೆ ಸರಿದ. ಪೇದೆ ಬಿಚ್ಚಿದ. ಹೆಬ್ಬೆರಳ ಸಂದಿಯಲ್ಲಿ ಕಾಜಲಳ ಕೈಯಲ್ಲಿದ್ದಂಥವೇ ಬೊಬ್ಬೆಗಳಿದ್ದವು. ಅಂಚು ಕಪ್ಪಾಗಿತ್ತು.

"ಎಣ್ಣಿ ಹಚ್ಚಿದ್ದಿ, ಸಂದಿ ಮರತಿ," ಎಂದಳು ವಿಜಯಶ್ರೀ. "ಠಸ್ಸೆ ಒಂದೇ. ಮಸಿ ಎರಡು. ಒಂದು ಬಜಾರದ್ದು, ಇನ್ನೊಂದು ಬಿಬ್ಬಾದ ರಸ. ಹೆಸರು ಕೇಳೂದು ಸಹಿಗಿ ಅಂತ ಜನ ತಿಳಕೊಂಡ್ರು. ನೀ ಕೇಳಿದ್ದು ಯಾರು ನಕ್ಕಾರ ಅಂತ ಗುರ್ತ ಹಿಡ್ಯಾಕ. ಯಾರಿಗೂ ಏನೂ ಎದ್ದಿಲ್ಲದಾಗ ಸೋಮವಾರನೇ ಮುದ್ರಿ ಏಳ್ತದಂತ ಬರದಿ. ಆತುರ ಮಾಡಿದಿ, ಸೂರ್ಯಕಾಂತ."

ಅವನ ಮನೆಯಲ್ಲಿ ಸಿಕ್ಕ ಚೀಲದಿಂದ ಪೇದೆ ಎರಡನೆಯ ಮಸಿ ಡಬ್ಬಿ ಹೊರತೆಗೆದ. ಮುಚ್ಚಳಕ್ಕೆ ಎಣ್ಣೆ ಮೆತ್ತಿತ್ತು.

ಸೂರ್ಯಕಾಂತನ ಮೆತ್ತಗಿನ ದನಿ ಒಡೆಯಿತು. "ಹನ್ನೆರಡು ವರ್ಷ ಬರದೀನ್ರಿ. ನಿದ್ದಿ ಬಂತಂತ! ಹಾಸ್ಯ ಅಂತ! ಈಗ ಕೇಳ್ರಿ ಅವರಿಗಿ, ಭಯ ಬಂತೋ ಇಲ್ಲೋ ಕೇಳ್ರಿ!"

ಗೇಟಿನ ಹೊರಗೆ ಕಾಶಿರಾಮ ಮೆಲ್ಲಗೆ ಹಿಂದಿನ ಸಾಲಿಗೆ ಸರಿದ.

ಮೀನಾ ಅಳುತ್ತ ಒಳಗೆ ಬಂದು ಯಶೋದಾಬಾಯಿಯ ಕಾಲು ಹಿಡಿದಳು. "ತಪ್ಪಾತು ಯಶೋದಕ್ಕ. ಮನಿಗಿ ನಡಿ. ನಾನೇ ಕರಕೊಂಡು ಹೋಗ್ತೀನಿ."

ಮೂರು ದಿನದಿಂದ ತುಟಿ ಬಿಚ್ಚದ ಮುದುಕಿ ಈಗ ಬಿಚ್ಚಿದಳು. ಮಾತು ಮಾತ್ರ ವಿಜಯಶ್ರೀಗೆ ಹೇಳಿದಳು.

"ಒಲ್ಲೆವ್ವ. ಅವ ಒಬ್ಬ ಬರದ, ನೀ ಹಿಡದಿ. ಹಗ್ಗ ಹಿಡದವರು ಊರ ತುಂಬ ಅದಾರ. ಅವರ ನಡುವ ನಾ ಹ್ಯಾಂಗ ಮಲಗ್ಲಿ? ಗಂಟು ಹಾಕಿದಾಕಿ ಇಲ್ಲೇ ನನ್ನ ಕಾಲು ಹಿಡಕೊಂಡು ಕುಂತಾಳ."

ವಿಜಯಶ್ರೀ ಪೇದೆಯನ್ನು ಕರೆದು ಗೇಟು ಹಾಕಿಸಿದಳು. ಆಮೇಲೆ ಕುರ್ಚಿ ಎಳೆದು ಮುದುಕಿಯ ಎದುರು ಕೂತು, ದೂರಿನ ಪುಸ್ತಕ ಬಿಚ್ಚಿ, "ಒಬ್ಬೊಬ್ಬರದೇ ಹೆಸರು ಹೇಳಬೇ," ಎಂದಳು.