ಮಳೆಯಜ್ಜಿ ತವರಿಗೆ ಹೊರಟದ್ದು

ಬಹಳ ಕಾಲದ ಹಿಂದೆ, ಗುಡ್ಡಕ್ಕೂ ಕಡಲಿಗೂ ನಡುವೆ, ಏಳಳಿವೆ ಎಂಬ ಒಂದು ರಾಜ್ಯವಿತ್ತು. ಅಳಿವೆ ಎಂದರೆ ಹೊಳೆ ಕಡಲಿಗೆ ಸೇರುವ ಜಾಗ. ಅಂಥ ಜಾಗಗಳು ಅಲ್ಲಿ ಏಳು ಇದ್ದವು, ಅದಕ್ಕೇ ಆ ಹೆಸರು. ರಾಜನ ಹೆಸರು ವೀರಶಂಖ. ಅವನು ಕೆಟ್ಟವನಲ್ಲ, ತೀರಾ ಜಾಣನೂ ಅಲ್ಲ. ಪ್ರಜೆಗಳು ಅವನೊಡನೆ ಹೊಂದಿಕೊಂಡು ಹೋಗುತ್ತಿದ್ದರು.

ಆ ರಾಜ್ಯಕ್ಕೆ ಮಳೆ ತರುತ್ತಿದ್ದವಳು ಮಳೆಯಜ್ಜಿ. ಅವಳು ಕರಿ ಕಂಬಳಿ ಹೊದ್ದ ಮುದುಕಿ. ಆ ಕಂಬಳಿಯೇ ಮೋಡ. ಅವಳ ಜೊತೆಗೆ ಮೊಮ್ಮಗ ಗಾಳಿಯೂ ಬರುತ್ತಿದ್ದ. ಮುಂಗಾರಿಗೆ ಇಬ್ಬರೂ ಕಡಲಿನ ಮೇಲೆ ನಡೆದು ಬಂದು ಗುಡ್ಡದಲ್ಲಿ ಬಿಡಾರ ಹೂಡುತ್ತಿದ್ದರು. ದೀಪಾವಳಿಯ ಹೊತ್ತಿಗೆ ಬಂದ ದಾರಿಯಲ್ಲೇ ಕಡಲಾಚೆಯ ತವರಿಗೆ ಮರಳುತ್ತಿದ್ದರು. ಅವರು ಹೋದ ಮೇಲೆ ಬಿಸಿಲು ನೆಲೆ ನಿಲ್ಲುತ್ತಿತ್ತು. ಬಿಸಿಲು ನೆಲೆ ನಿಂತರೆ ಗದ್ದೆಯಲ್ಲಿ ಕೊಯ್ಲು, ಮರಳಿನ ಮೇಲೆ ಒಣ ಮೀನು, ಕಡಲಿನಲ್ಲಿ ದೋಣಿ.

ಒಂದು ವರ್ಷ ಮಾತ್ರ ಹಾಗಾಗಲಿಲ್ಲ. ದೀಪಾವಳಿ ಕಳೆಯಿತು, ಕಾರ್ತಿಕ ಅರ್ಧ ಸವೆಯಿತು, ಹವೆ ಮಾತ್ರ ಒಂದು ಕಡೆ ನಿಲ್ಲಲಿಲ್ಲ. ಬೆಳಿಗ್ಗೆ ಮಂಜು ಬಿದ್ದು ಬಿಸಿಲು ಬರುತ್ತಿತ್ತು. ಜನ ಸಂತೋಷಪಟ್ಟು ಭತ್ತ ಹರಡುವಷ್ಟರಲ್ಲಿ ಗುಡುಗು. ಭತ್ತ ಬಾಚಿ ಒಳಗೆ ಹಾಕುವಷ್ಟರಲ್ಲಿ ಮತ್ತೆ ಬಿಸಿಲು. ಹೊರಗೆ ಹರಡಿದರೆ ಮತ್ತೆ ಹನಿ. ಭತ್ತ ಮೊಳಕೆ ಒಡೆಯಿತು, ಮೀನಿಗೆ ಹುಳ ಬಿತ್ತು, ಎಮ್ಮೆಗಳಿಗೆ ಕೂಡ ನೆಗಡಿಯಾಯಿತು.

ಮಂಕಾಳಿಗೆ ಇದಕ್ಕಿಂತ ದೊಡ್ಡ ಸಂಕಟವಿತ್ತು. ಮಂಕಾಳಿ ಎಂದರೆ ಮೀನು ಒಣಗಿಸುವ ಕೆಲಸದ ಹುಡುಗಿ, ಆ ವರ್ಷವೇ ಮದುವೆಯಾಗಿದ್ದಳು. ಅವಳ ಗಂಡ ಜಟ್ಟು ಒಂದು ಬಿಸಿಲಿನ ಬೆಳಿಗ್ಗೆ ಹವೆ ನಂಬಿ ಸಂಗಡಿಗರೊಡನೆ ದೋಣಿ ಇಳಿಸಿದ್ದ. ಆ ದೋಣಿ ಇನ್ನೂ ದಡಕ್ಕೆ ಬಂದಿರಲಿಲ್ಲ. ಮುಳುಗಿಯೂ ಇರಲಿಲ್ಲ. ದೂರದಲ್ಲಿ ಅದರ ಹಾಯಿ ಹಲ್ಲಿಯ ಮೊಟ್ಟೆಯಷ್ಟು ಸಣ್ಣಗೆ ಕಾಣುತ್ತಿತ್ತು. ಬಿಸಿಲಾದಾಗ ಗಾಳಿ ದೋಣಿಯನ್ನು ಹೊರಗೆ ತಳ್ಳುತ್ತಿತ್ತು. ಮಳೆಯಾದಾಗ ಅಳಿವೆಯ ಬಾಯಲ್ಲಿ ತೆರೆ ಎದ್ದು ಒಳಗೆ ಬಿಡುತ್ತಿರಲಿಲ್ಲ. ಕುಡಿಯಲು ಅವರಿಗೆ ಮಳೆ ನೀರಿತ್ತು. ಆದರೆ ಅಕ್ಕಿ ಮುಗಿದಿರಬೇಕು ಎಂದು ದಡದವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಳೆ ಹೊಯ್ಯುತ್ತಿರುವಾಗ ಕಂಬಳಿ ಹೊದ್ದ ಮುದುಕಿಯೊಬ್ಬಳು ಮಂಕಾಳಿಯ ಮನೆ ಜಗಲಿಯಲ್ಲಿ ಬಂದು ಕುಳಿತಳು. ಅವಳು ಕುಳಿತಲ್ಲಿ ನೀರು ಹರಿದು ಅಂಗಳಕ್ಕೆ ಹೋಯಿತು.

"ಒಂದು ಚೊಂಬು ನೀರು ಕೊಡು ಮಗಳೇ" ಎಂದಳು ಮುದುಕಿ.

ಮಂಕಾಳಿ ಬೆಲ್ಲದ ಚೂರೂ ನೀರೂ ತಂದಿಟ್ಟಳು. ಬಂದವರಿಗೆ ಬೆಲ್ಲ ನೀರು ಕೊಡುವುದು ಆ ಕಡೆಯ ಪದ್ಧತಿ.

ಒಳಗಿನಿಂದ ಅತ್ತೆ ನಾಗಮ್ಮ ಬಂದು ನೋಡಿದಳು. "ಇಷ್ಟು ಒದ್ದೆಯಾಗಿ ನೀರು ಕೇಳುತ್ತೀಯಲ್ಲ ಅಜ್ಜಿ, ಕಂಬಳಿ ಹಿಂಡಿದರೆ ನಮ್ಮ ಬಾವಿ ತುಂಬೀತು" ಎಂದಳು.

"ಅದು ನನ್ನದೇ ನೀರು, ನನಗೆ ರುಚಿಸುವುದಿಲ್ಲ" ಎಂದಳು ಮುದುಕಿ. "ಹೊರಟವಳು ಹಿಂದೆ ಬಂದೆ. ಯಾರೋ ಎಲ್ಲಿಗೆ ಹೊರಟೆ ಎಂದು ಕೇಳಿಬಿಟ್ಟರು. ಕುಳಿತು ನೀರು ಕುಡಿದೇ ಮತ್ತೆ ಹೊರಡಬೇಕಲ್ಲ."

ಅತ್ತೆ ಸೊಸೆ ಇಬ್ಬರಿಗೂ ಅರ್ಥವಾಯಿತು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಿಸಿಕೊಂಡವರು ಹಿಂದೆ ಬಂದು, ಕುಳಿತು, ನೀರು ಕುಡಿದು ಮತ್ತೆ ಹೊರಡಬೇಕು. ಏಳಳಿವೆಯಲ್ಲಿ ಹಸುಗೂಸಿಗೂ ಇದು ಗೊತ್ತು. ಮುದುಕಿ ಯಾರೆಂಬುದೂ ಅವರಿಗೆ ಈಗ ತಿಳಿಯಿತು.

"ದಿನವೂ ಕೇಳುತ್ತಾರೆಯೇ ಅಜ್ಜಿ?" ಎಂದಳು ಮಂಕಾಳಿ.

"ದಿನವೂ. ಒಂದು ದಿನ ಗುಡ್ಡದ ಕಣಿವೆಯಲ್ಲಿ, ಒಂದು ದಿನ ಹೊಳೆ ದಾಟುವ ಕಡವಿನಲ್ಲಿ, ಒಂದು ದಿನ ಇಲ್ಲೇ ಕಡಲ ದಂಡೆಯಲ್ಲಿ. ಮೊದಲೆರಡು ಕಡೆ ಕೇಳುವವರು ವಟರಾಯ ಇಟ್ಟವರು. ದಂಡೆಯಲ್ಲಿ ಯಾರೋ ತಿಳಿಯದು. ಕಂಬಳಿ ಕಣ್ಣಿನವರೆಗೆ ಎಳೆದಿರುತ್ತೇನೆ, ದನಿ ಕೇಳುತ್ತದೆ, ಮುಖ ಕಾಣುವುದಿಲ್ಲ."

ವಟರಾಯ ಎಂಬವನು ಮಾಂತ್ರಿಕ. ಮೈ ಮನುಷ್ಯನದು, ಗಂಟಲು ಕಪ್ಪೆಯದು. ಕಪ್ಪೆಯ ಜಾತಿಯವನಾದ್ದರಿಂದ ಮಳೆ ಹೋದ ಕೂಡಲೇ ಅವನು ಕೆಸರಿನೊಳಗೆ ಇಳಿದು ಮುಂದಿನ ಮಳೆಯವರೆಗೆ ಮಲಗಲೇಬೇಕಿತ್ತು. ಅವನಿಗೆ ಅದು ಬೇಡವಾಗಿತ್ತು. ಮಳೆಯಜ್ಜಿ ಹೋಗದಿದ್ದರೆ ವರ್ಷವಿಡೀ ಎಚ್ಚರವಾಗಿದ್ದು ರಾಜ್ಯವನ್ನು ಕೆಸರು ಮಾಡಿ ಆಳಬಹುದು ಎಂದು ಅವನ ಲೆಕ್ಕ. ತಾನೇ ನಿಂತು ಕೇಳಬಹುದಿತ್ತಲ್ಲ ಎಂದರೆ, ಆಗುತ್ತಿರಲಿಲ್ಲ. ಅವನು ಏನು ಹೇಳಿದರೂ ಅಜ್ಜಿಯ ಕಿವಿಗೆ ಬರೀ ವಟವಟ ಎಂದೇ ಕೇಳುತ್ತಿತ್ತು.

"ಅಜ್ಜಿ, ನೀವು ಗುಡ್ಡಕ್ಕೆ ಹೋಗಿ ಸ್ವಲ್ಪ ದಣಿವಾರಿಸಿಕೊಳ್ಳಿ. ನಾನು ದಾರಿ ಬಿಡಿಸುತ್ತೇನೆ" ಎಂದಳು ಮಂಕಾಳಿ.

ಅಜ್ಜಿ ಹೋದ ಮೇಲೆ ಮಂಕಾಳಿ ಅನ್ನದ ಉಂಡೆ ಕಟ್ಟಿಕೊಂಡಳು. ಕೋಲಿಗೆ ಸುತ್ತಿಟ್ಟ ಹಲಸಿನ ಮೇಣ ತೆಗೆದುಕೊಂಡಳು. ಹಲಸಿನ ಮೇಣವನ್ನು ಬೆಂಕಿಗೆ ಹಿಡಿದು ಕರಗಿಸಿ ತೂತಾದ ಕೊಡ ಮುಚ್ಚುತ್ತಾರೆ, ಅಂಟಿದರೆ ಬಿಡುವುದಿಲ್ಲ. ಹೊಸ್ತಿಲು ದಾಟಿದಳೋ ಇಲ್ಲವೋ, ಅತ್ತೆಯ ದನಿ ಬಂತು: "ಎಲ್ಲಿಗೆ ಹೊರಟೆಯೇ?"

ಮಂಕಾಳಿ ತಿರುಗಿ ನೋಡಿದಳು. ನಾಗಮ್ಮ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. "ಈ ನಾಲಗೆ ಸುಡಲಿ! ಬಾ, ಕೂರು, ನೀರು ಕುಡಿ."

ಮಂಕಾಳಿ ಕುಳಿತಳು, ನೀರು ಕುಡಿದಳು, ಮತ್ತೆ ಹೊರಟಳು.

ಗುಡ್ಡದ ಕಣಿವೆಯಲ್ಲಿ ಒಂದು ಗೋಳಿಮರ. ಅದರ ಮೇಲೆ ಕಬ್ಬಿಣದ ಕೊಕ್ಕಿನ ಗಿಳಿ. ಅದು ದೂರದಿಂದಲೇ ಮಂಕಾಳಿಯನ್ನು ಕಂಡು "ಎಲ್ಲಿಗೆ ಹೊರಟೆ?" ಎಂದಿತು. ಅವಳು ಮತ್ತೆ ಮನೆಯವರೆಗೆ ನಡೆದು, ಕುಳಿತು, ನೀರು ಕುಡಿದು ಬರಬೇಕಾಯಿತು. ಪದ್ಧತಿ ಎಂದರೆ ಪದ್ಧತಿ. ಎರಡನೆಯ ಸಲ ಬಂದಾಗಲೂ ಗಿಳಿ ಕೇಳಿತು. ಮತ್ತೆ ಮನೆ, ಮತ್ತೆ ನೀರು.

"ನಿನ್ನ ಹೊಟ್ಟೆಯಲ್ಲಿ ಈಗ ದೋಣಿ ಬಿಡಬಹುದು" ಎಂದಳು ನಾಗಮ್ಮ.

ಮೂರನೆಯ ಸಲ ಮಂಕಾಳಿ ಉಪಾಯ ಮಾಡಿದಳು, ಮೇಣ ಕರಗಿಸಿ ಬಿಸಿ ಅನ್ನದ ಉಂಡೆಯೊಳಗೆ ಇಟ್ಟುಕೊಂಡು ಹೊರಟಳು. ಗಿಳಿಗೆ ಬೆನ್ನು ಹಾಕಿ ಹಿಮ್ಮುಖವಾಗಿ ನಡೆದಳು. ನೋಡಿದವರಿಗೆ ಅವಳು ಗುಡ್ಡದಿಂದ ಊರಿಗೆ ಇಳಿಯುತ್ತಿರುವಂತೆ ಕಾಣುತ್ತಿತ್ತು. ಗಿಳಿಗೆ ಗೊಂದಲವಾಯಿತು. "ಎಲ್ಲಿಂದ ಬಂದೆ?" ಎಂದಿತು. ಎಲ್ಲಿಂದ ಎಂದು ಕೇಳಿದರೆ ತೊಂದರೆಯಿಲ್ಲ.

"ಅಡುಗೆ ಮನೆಯಿಂದ. ಅನ್ನ ಬೇಕೇ?" ಎಂದಳು ಮಂಕಾಳಿ.

ಗಿಳಿಗೆ ಬೇಕಿತ್ತು. ಒಳಗೆ ಬಿಸಿ ಮೇಣ ಇಟ್ಟ ಉಂಡೆಯನ್ನು ಅದು ಕಚ್ಚಿತು. ಕೊಕ್ಕು ಅಂಟಿತು. ಬಾಯಿ ಬಿಡಲಾಗದೆ ಅದು ಮಂಕಾಳಿಯನ್ನು ಕೆಕ್ಕರಿಸಿ ನೋಡಿತು. "ಬೇಸರ ಮಾಡಬೇಡ, ಕೆಲಸ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸುತ್ತೇನೆ" ಎಂದು ಹೇಳಿ ಅವಳು ಹೊಳೆಯ ಕಡೆಗೆ ಇಳಿದಳು.

ಹೊಳೆಯ ಕಡವಿನಲ್ಲಿ ಒಂದು ಮೊಸಳೆ. ಅದರ ಬಾಯಿ ಬಾಗಿಲಿನಷ್ಟು ಅಗಲ. ಅದಕ್ಕೆ ಮೇಣ ಎಷ್ಟು ತಂದರೂ ಸಾಲದು. ಮಂಕಾಳಿ ಇಲ್ಲಿಯೂ ಹಿಮ್ಮುಖವಾಗಿಯೇ ಹೋಗಿ, ಎಟುಕದಷ್ಟು ದೂರದಲ್ಲಿ ಕುಳಿತಳು.

"ಮೊಸಳೆಯಣ್ಣ, ವಟರಾಯ ನಿನಗೆ ಏನು ಅಪ್ಪಣೆ ಕೊಟ್ಟಿದ್ದಾನೆ?"

"ದಾರಿಯಲ್ಲಿ ಹೋಗುವವರನ್ನು ವಿಚಾರಿಸು ಎಂದಿದ್ದಾನೆ."

"ಏನೆಂದು ವಿಚಾರಿಸಬೇಕು ಅಂತ ಹೇಳಿದ್ದಾನೆಯೇ?"

ಮೊಸಳೆ ಯೋಚಿಸಿತು. "ಅದು ಹೇಳಿಲ್ಲ. ಎಲ್ಲರೂ ಎಲ್ಲಿಗೆ ಎಂದು ಕೇಳುವುದನ್ನು ನೋಡಿ ನಾನೂ ಕೇಳುತ್ತೇನೆ."

"ಅಯ್ಯೋ, ಅದು ತೀರಾ ಒರಟು ಮಾತು. ದೊಡ್ಡ ಮನೆಯವರು ಹಾಗೆ ಕೇಳುವುದಿಲ್ಲ. ಊಟ ಆಯಿತೇ ಎಂದು ಕೇಳುತ್ತಾರೆ."

"ಊಟ ಆಯಿತೇ" ಎಂದು ಮೊಸಳೆ ಹೇಳಿ ನೋಡಿತು. ಆ ಮಾತು ಅದರ ಬಾಯಿಗೆ ಬಹಳ ಹಿಡಿಸಿತು. ಆಗ ಕಡವಿಗೆ ಬಂದ ಹುಲ್ಲಿನ ಹೊರೆಯವನೊಬ್ಬನನ್ನು ಅದು "ಊಟ ಆಯಿತೇ?" ಎಂದು ವಿಚಾರಿಸಿತು. ಅವನು ಹೊರೆ ಬಿಸಾಡಿ ಓಡಿದ. ಮೊಸಳೆ ವಿಚಾರಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಇನ್ನು ಉಳಿದದ್ದು ಕಡಲ ದಂಡೆ. ಮಂಕಾಳಿ ಬಂಡೆಗಳ ಸಂದಿನಲ್ಲಿ, ಕೇದಗೆಯ ಪೊದೆಯಲ್ಲಿ, ಕವುಚಿಟ್ಟ ದೋಣಿಗಳ ಅಡಿಯಲ್ಲಿ ಹುಡುಕಿದಳು. ಮಾಯದ ಪ್ರಾಣಿ ಒಂದೂ ಸಿಗಲಿಲ್ಲ. ಅಳಿವೆಯ ಕೆಸರಿನಲ್ಲಿ ವಟರಾಯ ಸೊಂಟದವರೆಗೆ ಹೂತು ಕುಳಿತು ನಗುತ್ತಿದ್ದ.

"ಏನು ಹುಡುಕುತ್ತೀಯೇ ಹುಡುಗಿ? ಗಿಳಿಯನ್ನು ಇಟ್ಟವನು ನಾನು, ಮೊಸಳೆಯನ್ನು ಇಟ್ಟವನು ನಾನು. ಇಲ್ಲಿ ನಾನು ಏನನ್ನೂ ಇಟ್ಟಿಲ್ಲ. ಇಡುವ ಅಗತ್ಯವೇ ಬೀಳಲಿಲ್ಲ. ನಿನ್ನೆ ಬಿಸಿಲು ಬಂದಾಗ ಇಲ್ಲಿ ನಿಂತು, ಮಳೆಯಜ್ಜಿ ಹೊರಟಳೇ, ಎಲ್ಲಿಗೆ ಹೊರಟಳು, ಎಂದು ಕೂಗಿದವಳು ಯಾರು?"

ಮಂಕಾಳಿಗೆ ನೆನಪಾಯಿತು. ಕೂಗಿದವಳು ಅವಳೇ. ಅವಳೊಬ್ಬಳೇ ಅಲ್ಲ, ಊರೆಲ್ಲ ಕೂಗಿತ್ತು. ಮೋಡ ಕಡಲಿನ ಕಡೆಗೆ ಸರಿದಾಗಲೆಲ್ಲ ಜನ ಅಂಗಳಕ್ಕೆ ಬಂದು, ಹೋಗುತ್ತದೆಯೋ, ಎಲ್ಲಿಗೆ ಹೋಗುತ್ತದೆಯೋ ಎಂದು ಆಕಾಶ ನೋಡಿ ಕೇಳುತ್ತಿದ್ದರು. ದೋಣಿಯನ್ನು ದಡಕ್ಕೆ ಬರಗೊಡದವರಲ್ಲಿ ಅವಳೂ ಒಬ್ಬಳು.

ಅವಳು ಅಳುತ್ತಾ ಕೂರಲಿಲ್ಲ. ನೇರವಾಗಿ ಅರಮನೆಗೆ ಹೋಗಿ ರಾಜನಿಗೆ ನಡೆದದ್ದೆಲ್ಲ ಹೇಳಿದಳು.

"ಸುಮ್ಮನಿರಿ ಎಂದು ಡಂಗುರ ಹೊಡೆಸಿದರೆ ಆಯಿತಲ್ಲ" ಎಂದ ರಾಜ.

"ಆಗುವುದಿಲ್ಲ ಮಹಾಪ್ರಭು. ಅಭ್ಯಾಸದ ನಾಲಗೆ, ತಾನಾಗಿ ಹೊರಳುತ್ತದೆ. ನನ್ನ ಅತ್ತೆಯನ್ನೇ ನೋಡಿ. ಅಜ್ಜಿ ಕಡಲಿಗೆ ಇಳಿಯುವವರೆಗೆ ಎಲ್ಲರೂ ಬಾಯಿ ತುಂಬ ನೀರು ಹಿಡಿದು ನಿಲ್ಲಬೇಕು. ನೀರಿರುವ ಬಾಯಿಂದ ಮಾತು ಬರುವುದಿಲ್ಲ."

"ಎಲ್ಲರೂ ಎಂದರೆ ನಾನೂ?"

"ಮೊನ್ನೆ ಉಪ್ಪರಿಗೆಯಿಂದ ಕೇಳಿದ್ದು ಯಾರು ಪ್ರಭು?"

ರಾಜ ಮಂತ್ರಿಯ ಮುಖ ನೋಡಿದ. ಮಂತ್ರಿ ನೆಲ ನೋಡಿದ. "ಹಾಗಾದರೆ ನನಗೆ ಬೆಳ್ಳಿ ಲೋಟದಲ್ಲಿ ಕೊಡಿ" ಎಂದ ರಾಜ.

ಮರುದಿನ ಬೆಳಿಗ್ಗೆ ಏಳಳಿವೆಯ ಜನರೆಲ್ಲ ದಂಡೆಯಲ್ಲಿ ಸಾಲಾಗಿ ನಿಂತರು. ಗುಡ್ಡದ ಮೇಲೆ ಗುಡುಗಿತು. ಎಂದರೆ ಅಜ್ಜಿ ಎದ್ದಳು ಎಂದು ಅರ್ಥ. ಎಲ್ಲರೂ ಬಾಯಿಗೆ ನೀರು ತುಂಬಿಕೊಂಡರು. ಕೆನ್ನೆಗಳೆಲ್ಲ ಗಡಿಗೆಯ ಹಾಗೆ ಉಬ್ಬಿದವು. ಕಣಿವೆಯಲ್ಲಿ ಗಿಳಿ ಸುಮ್ಮನಿತ್ತು. ಕಡವಿನಲ್ಲಿ ಮೊಸಳೆ "ಊಟ ಆಯಿತೇ?" ಎಂದಿತು. "ಆಯಿತು ಮಗ, ನಿನ್ನದು?" ಎಂದು ಹೇಳಿ ಅಜ್ಜಿ ದಾಟಿದಳು.

ಕರಿ ಕಂಬಳಿ ದಂಡೆಗೆ ಬಂತು. ಮುಂದೆ ಮೊಮ್ಮಗ ಗಾಳಿ, ಹಿಂದೆ ಅಜ್ಜಿ. ಯಾರೂ ಉಸಿರೆತ್ತಲಿಲ್ಲ.

ಆಗ ವಟರಾಯ ಒಂದು ಹಿಡಿ ಕೆಸರನ್ನು ಮಂತ್ರಿಸಿ ನೀರಿಗೆ ಎಸೆದ. ದೂರದಲ್ಲಿ ಜಟ್ಟುವಿನ ದೋಣಿ ಮಗುಚಿದಂತೆ ಕಂಡಿತು. ಬಿಳಿ ಹಾಯಿ ನೀರಿನ ಮೇಲೆ ಬಿತ್ತು, ಕರಿ ಚುಕ್ಕೆಗಳಂತೆ ತಲೆಗಳು ತೇಲಿದವು. ಅದು ನಿಜವೋ ಮಾಯೆಯೋ ಮಂಕಾಳಿಗೆ ತಿಳಿಯಲಿಲ್ಲ. ನೀರು ಉಗಿದು, ಅಜ್ಜೀ, ಎಲ್ಲಿಗೆ ಹೋಗುತ್ತೀಯ, ನನ್ನ ಗಂಡನನ್ನು ಉಳಿಸು ಎಂದು ಕಿರುಚಬೇಕು ಎನ್ನಿಸಿತು ಅವಳಿಗೆ. ಆದರೆ ಅವಳು ಹೀಗೆ ಯೋಚಿಸಿದಳು: ದೋಣಿ ಮುಳುಗಿದ್ದರೆ ನನ್ನ ಕೂಗು ಅದನ್ನು ಎತ್ತಲಾರದು. ಮುಳುಗಿಲ್ಲದಿದ್ದರೆ ನನ್ನ ಕೂಗೇ ಅದನ್ನು ಮುಳುಗಿಸುತ್ತದೆ.

ಪಕ್ಕದಲ್ಲಿ ನಾಗಮ್ಮ ನೀರು ನುಂಗಿಬಿಟ್ಟಳು. "ಎ..." ಎಂದು ಅವಳ ಬಾಯಿ ತೆರೆಯಿತು. ಮಂಕಾಳಿ ಅಂಗೈಯಿಂದ ಅತ್ತೆಯ ಬಾಯಿಯನ್ನು ಬಿಗಿಯಾಗಿ ಮುಚ್ಚಿದಳು. ನಾಗಮ್ಮ ಸೊಸೆಯ ಕೈಯನ್ನು ಕಚ್ಚಿದಳು. ಮಂಕಾಳಿ ಕೈ ತೆಗೆಯಲಿಲ್ಲ. ಇಬ್ಬರ ಕಣ್ಣಲ್ಲೂ ನೀರು ಇಳಿಯಿತು.

ಅಜ್ಜಿ ಒಂದು ಕಾಲನ್ನು ತೆರೆಯ ಮೇಲೆ ಇಟ್ಟಳು. ಇನ್ನೊಂದನ್ನೂ ಇಟ್ಟಳು. ಬಿರಬಿರನೆ ನಡೆದು, ದೋಣಿಯನ್ನೂ ದಾಟಿ, ನೀರು ಆಕಾಶ ಕೂಡುವಲ್ಲಿ ಕಂಬಳಿಯ ಅಂಚು ಎಳೆದುಕೊಂಡು ಮರೆಯಾದಳು. ಅವಳ ಹಿಂದೆ ಆಕಾಶ ಒರೆಸಿದ ಹಾಗೆ ನೀಲಿಯಾಯಿತು.

ವಟರಾಯ ಇನ್ನೊಂದು ಹಿಡಿ ಕೆಸರು ಎತ್ತಿದ. ಮಂತ್ರದ ಅರ್ಧದಲ್ಲಿ ಅವನಿಗೆ ಆಕಳಿಕೆ ಬಂತು. ಕೈ ಕೆಳಗಿಳಿಯಿತು, ತಲೆ ವಾಲಿತು, ಅವನು ಗೊರಕೆ ಹೊಡೆಯುತ್ತಾ ಕೆಸರಿನೊಳಗೆ ಇಳಿದುಹೋದ. ರಾಜ ಅಲ್ಲಿ ಒಂದು ದೊಡ್ಡ ಬಂಡೆ ಹೊರಳಿಸಿದ. ವಟರಾಯ ಮತ್ತೆ ಎಂದೂ ಮೇಲೆ ಬರಲಿಲ್ಲ. ಅವನ ಮಾಯೆಗಳೂ ಅವನೊಂದಿಗೇ ಮಲಗಿದವು, ಹಾಗಾಗಿ ಮಗುಚಿದ ದೋಣಿ ಕಣ್ಣೆದುರೇ ಕರಗಿತು. ಅದರ ಜಾಗದಲ್ಲಿ ನಿಜವಾದ ದೋಣಿ ನೆಟ್ಟಗೆ, ಹಾಯಿ ಬಿಚ್ಚಿ, ಸಮತಟ್ಟಾದ ಅಳಿವೆಯೊಳಗೆ ಬರುತ್ತಿತ್ತು.

ಜಟ್ಟು ಮೊಣಕಾಲು ನೀರಿಗೆ ಹಾರಿ ದಡ ಹತ್ತಿದ. ಗಡ್ಡ ಬೆಳೆದಿತ್ತು, ಎಲುಬು ಎಣಿಸುವಂತಿತ್ತು. ನೀರು ಉಗಿಯಲು ಇನ್ನೂ ಹೆದರಿ ಕೆನ್ನೆ ಉಬ್ಬಿಸಿ ನಿಂತ ಇಡೀ ರಾಜ್ಯವನ್ನು ಅವನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದ. ರಾಜನನ್ನೂ ನೋಡಿದ. ಕೊನೆಗೆ ಹೆಂಡತಿಯ ಮುಂದೆ ಬಂದು ನಿಂತ.

"ನಾನು ಸತ್ತು ಬದುಕಿ ಬಂದಿದ್ದೇನೆ, ನೀವೆಲ್ಲ ಹಲ್ಲುನೋವಿನವರ ಹಾಗೆ ನಿಂತಿದ್ದೀರಲ್ಲ! ಮಂಕಾಳಿ, ಒಂದು ಮಾತಾದರೂ ಆಡೇ!"

ಮಂಕಾಳಿಗೆ ತಡೆಯಲಾಗದ ನಗು ಬಂತು. ಬಾಯಲ್ಲಿದ್ದ ನೀರೆಲ್ಲ ಅವನ ಮುಖಕ್ಕೆ ಚಿಮ್ಮಿತು. ಆ ವರ್ಷ ಏಳಳಿವೆಯಲ್ಲಿ ಬಿದ್ದ ಕೊನೆಯ ಮಳೆ ಅದೇ.

ಆಮೇಲೆ ಭತ್ತ ಒಣಗಿತು, ಮೀನು ಒಣಗಿತು, ಗಿಳಿಯ ಕೊಕ್ಕೂ ಬಿಟ್ಟಿತು. ಜಟ್ಟು ಮಂಕಾಳಿ ನಾಗಮ್ಮ ಮೂವರೂ ಒಂದೇ ಹಂಡೆಯ ಗಂಜಿ ಉಂಡು, ಜಗಳವಾಡಿ, ನಕ್ಕು, ತುಂಬು ಕಾಲ ಬದುಕಿದರು. ಅವರ ಮನೆ ತಂಪಾಗಿರಲಿ, ಕೇಳಿದವರ ಮನೆಯೂ ತಂಪಾಗಿರಲಿ.