ಪ್ರಶ್ನೆಗಳಿಲ್ಲದ ಬುಧವಾರ

ಹದಿನಾಲ್ಕನೇ ತಾರೀಖು ಶುಕ್ರವಾರ ಬೆಳಗ್ಗೆ ಹತ್ತು ನಲವತ್ತಕ್ಕೆ ವಿಶ್ವವಿದ್ಯಾಲಯದ ಗಣಿತ ವಿಭಾಗದ ಮುಖ್ಯಸ್ಥೆ ಠಾಣೆಗೆ ಬಂದು, ಒಂದು ಪುಸ್ತಕ ಕಳುವಾಗಿದೆ ಎಂದು ದೂರು ಕೊಟ್ಟರು. ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟ. ಪುಸ್ತಕ ಕಳೆದವರು ಗ್ರಂಥಾಲಯಕ್ಕೆ ಹೋಗಬೇಕು, ಠಾಣೆಗಲ್ಲ ಎಂಬುದು ಅವನ ಖಚಿತ ಅಭಿಪ್ರಾಯ. ಆಕೆ ಕುರ್ಚಿಯಿಂದ ಕದಲಲಿಲ್ಲ.

“ಅಂಗಡೀಲಿ ಸಿಗೋ ಪುಸ್ತಕ ಅಲ್ಲ ಅದು. ನಮ್ಮ ಸೆಮಿನಾರ್ ರಿಜಿಸ್ಟರ್. ಹದಿನೇಳನೇ ಸಂಪುಟ.”

ಇನ್‌ಸ್ಪೆಕ್ಟರ್ ಒಳಗಿನಿಂದ ಎದ್ದು ಬಂದು ವಿವರ ಕೇಳಿದರು. ಆ ವಿಭಾಗದಲ್ಲಿ ಅರವತ್ತು ವರ್ಷಗಳಿಂದ ಒಂದು ಪದ್ಧತಿಯಿದೆ. ಪ್ರತಿ ಬುಧವಾರ ಮಧ್ಯಾಹ್ನ ಮೂರಕ್ಕೆ ಒಬ್ಬರು ತಮ್ಮ ಸಂಶೋಧನೆಯ ಬಗ್ಗೆ ಮಾತಾಡಬೇಕು. ಮಾತಾಡಿದ್ದನ್ನು ಅವತ್ತೇ ಸ್ವಂತ ಕೈಬರಹದಲ್ಲಿ ರಿಜಿಸ್ಟರಿಗೆ ಇಳಿಸಬೇಕು. ಅದರ ಕೆಳಗೆ ಯಾರು ಯಾವ ಪ್ರಶ್ನೆ ಕೇಳಿದರೆಂದೂ ಬರೆಯಬೇಕು. ಸಂಕೀರ್ಣ ವಿಶ್ಲೇಷಣೆ ಎಂಬ ಗಣಿತದ ಶಾಖೆಯಲ್ಲಿ ಆ ವಿಭಾಗದ್ದು ಎತ್ತಿದ ಕೈ. ಆ ಹೆಸರು ತಂದುಕೊಟ್ಟವರು ಎಲ್ಲರೂ ‘ದೊಡ್ಡ ಮೇಷ್ಟ್ರು’ ಎಂದು ಕರೆಯುವ ಹಿರಿಯ ಪ್ರಾಧ್ಯಾಪಕರು. ಈಗ ನಿವೃತ್ತರು. ಹೃದಯದ ಶಸ್ತ್ರಚಿಕಿತ್ಸೆಯಾದ ಮೇಲೆ ಮನೆಯಲ್ಲೇ ಕೂತು ವಿಭಾಗದ ಇತಿಹಾಸ ಬರೆಯುತ್ತಿದ್ದಾರೆ. ಪ್ರತಿ ಶನಿವಾರ ಅಟೆಂಡರ್ ಅವರಿಗೆ ರಿಜಿಸ್ಟರಿನ ಒಂದು ಸಂಪುಟ ಒಯ್ದುಕೊಡುತ್ತಾನೆ. ಹದಿನಾರು ಮುಗಿದಿವೆ. ಹದಿನೇಳನೆಯದು ನಾಳೆ ಹೋಗಬೇಕಿತ್ತು.

“ಕೊನೇ ಸಲ ಯಾವಾಗ ನೋಡಿದ್ರಿ?”

“ಬುಧವಾರ ಸಂಜೆ. ಬೀರುವಿನಲ್ಲಿಟ್ಟು ನಾನೇ ಬೀಗ ಹಾಕಿದೆ.”

“ಅವತ್ತು ಯಾರು ಮಾತಾಡಿದ್ದು?”

“ಒಬ್ಬಳು ಸಂಶೋಧನಾ ವಿದ್ಯಾರ್ಥಿನಿ. ದೊಡ್ಡ ಮೇಷ್ಟ್ರ ಕೆಲಸದ ಬಗ್ಗೆ.” ಮುಖ್ಯಸ್ಥೆ ಕನ್ನಡಕ ತೆಗೆದು ಒರೆಸಿದರು. “ಏನು ಹೇಳಿದಳು ಅನ್ನೋದನ್ನ ಅವಳನ್ನೇ ಕೇಳಿ.”

ಹನ್ನೊಂದು ಹದಿನೈದಕ್ಕೆ ಎಫ್‌ಐಆರ್ ದಾಖಲಾಯಿತು. ಹನ್ನೆರಡೂವರೆಗೆ ವಿಭಾಗದಲ್ಲಿ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಕಬ್ಬಿಣದ ಬೀರು, ಬೂದು ಬಣ್ಣ. ಬೀಗ ಒಡೆದಿಲ್ಲ, ಗೀರು ಕೂಡ ಇಲ್ಲ. ಮೇಲಿನ ಹಲಗೆಯಲ್ಲಿ ಹದಿನಾರು ಸಂಪುಟಗಳು ಸಾಲಾಗಿದ್ದವು, ಹದಿನೇಳನೆಯದರ ಜಾಗದಲ್ಲಿ ಧೂಳಿಲ್ಲದ ಪಟ್ಟಿ. ಕೆಳಗಿನ ಹಲಗೆಯಲ್ಲಿ ಟೈಪಿಂಗ್ ಕಾಗದದ ರೀಮುಗಳು.

ಸಂಶೋಧನಾ ವಿದ್ಯಾರ್ಥಿನಿಗೆ ಇಪ್ಪತ್ತಾರು ವರ್ಷವಿರಬಹುದು. ಎರಡು ರಾತ್ರಿ ನಿದ್ದೆಯಿಲ್ಲದವಳ ಹಾಗೆ ಕಣ್ಣು ಕೆಂಪಗಿದ್ದವು.

“ಬುಧವಾರ ಏನು ಹೇಳಿದೆಯಮ್ಮ? ನಮಗೆ ಗಣಿತ ಕಬ್ಬಿಣದ ಕಡಲೆ. ಸ್ವಲ್ಪ ಬಿಡಿಸಿ ಹೇಳು.”

“ದೊಡ್ಡ ಮೇಷ್ಟ್ರು ಒಂದು ಬಗೆಯ ಫಂಕ್ಷನ್‌ಗಳನ್ನ, ಅಂದ್ರೆ ಒಂದು ಸಂಖ್ಯೆ ಕೊಟ್ರೆ ಇನ್ನೊಂದು ಕೊಡೋ ಸೂತ್ರಗಳನ್ನ, ಹೆಸರಿಟ್ಟು ಬೇರೆ ಮಾಡಿದ್ರು ಸರ್. ಎರಡು ಷರತ್ತು. ಆ ಎರಡನ್ನೂ ಪಾಲಿಸೋ ಫಂಕ್ಷನ್‌ಗಳ ಗುಣ ಏನು ಅಂತ ಮೂವತ್ತು ವರ್ಷ ಕೆಲಸ ನಡೀತು. ಹನ್ನೊಂದು ಜನ ಅದರ ಮೇಲೆ ಡಾಕ್ಟರೇಟ್ ತಗೊಂಡ್ರು.”

“ತಪ್ಪಿತ್ತಾ?”

“ಒಂದೂ ತಪ್ಪಿಲ್ಲ. ಎಲ್ಲಾ ಸರಿ. ಆದರೆ ಆ ಎರಡು ಷರತ್ತನ್ನೂ ಒಟ್ಟಿಗೆ ಪಾಲಿಸೋ ಫಂಕ್ಷನ್ನೇ ಇಲ್ಲ. ಇರೋದು ಬರೀ ಸ್ಥಿರಸಂಖ್ಯೆಗಳು, ಎಲ್ಲಿ ನೋಡಿದ್ರೂ ಒಂದೇ ಬೆಲೆ. ಅವುಗಳ ಬಗ್ಗೆ ಹೇಳೋಕೆ ಏನೂ ಇರಲ್ಲ.” ಅವಳು ಹೆಡ್ ಕಾನ್‌ಸ್ಟೇಬಲ್ ಕಡೆ ತಿರುಗಿದಳು. “ಈಗ ನೀವು ಒಂದು ಬೀದೀಲಿ ಮೂವತ್ತು ವರ್ಷ ಬೀಟ್ ಹಾಕ್ತೀರಿ ಅಂದ್ಕೊಳ್ಳಿ. ಒಂದು ದಿನವೂ ತಪ್ಪಿಸಿಲ್ಲ. ಆಮೇಲೆ ಗೊತ್ತಾಗುತ್ತೆ, ಆ ಬೀದೀಲಿ ಮನೆಯೇ ಇಲ್ಲ.”

“ಆ ಬೀದೀಲಿ ಕಳ್ಳತನವೇ ಆಗಿಲ್ಲ ಅಂತ ಬಡ್ತಿ ಸಿಕ್ಕಿರುತ್ತೆ ಬಿಡಿ,” ಎಂದ ಹೆಡ್ ಕಾನ್‌ಸ್ಟೇಬಲ್.

ಯಾರೂ ನಗಲಿಲ್ಲ. ಅವನೂ ನಗಿಸಲೆಂದು ಹೇಳಿರಲಿಲ್ಲವೇನೋ.

“ಸೆಮಿನಾರಿನಲ್ಲಿ ಏನಂದ್ರು?” ಇನ್‌ಸ್ಪೆಕ್ಟರ್ ಕೇಳಿದರು.

“ಯಾರೂ ತುಟಿ ಪಿಟಕ್ ಅನ್ನಲಿಲ್ಲ. ಪ್ರಶ್ನೆಗಳು ಅನ್ನೋ ಜಾಗದಲ್ಲಿ ‘ಇಲ್ಲ’ ಅಂತ ಬರೆದೆ.”

ದೊಡ್ಡ ಮೇಷ್ಟ್ರಿಗೆ ಈ ವಿಷಯ ತಿಳಿದಿದೆಯೇ ಎಂದು ಮುಖ್ಯಸ್ಥೆಯನ್ನು ಕೇಳಿದರು. ಆಕೆ ಕಿಟಕಿಯಾಚೆ ನೋಡುತ್ತ ಹೇಳಿದರು: “ಯಾರು ಹೇಳೋದು? ಅವರ ಹೃದಯದ ಸ್ಥಿತಿ ನಿಮಗೆ ಗೊತ್ತಿಲ್ಲ. ಹೇಗಿದ್ರೂ ಶನಿವಾರ ರಿಜಿಸ್ಟರ್ ಹೋಗುತ್ತೆ, ಅವರೇ ಓದಿ ತಿಳ್ಕೊಳ್ಳಲಿ ಅಂತ ಬಿಟ್ವಿ.” ಇಷ್ಟು ಓದಿದವರೆಲ್ಲ ಸೇರಿ ಒಬ್ಬ ಮುದುಕನಿಗೆ ಹೇಳುವ ಕೆಲಸವನ್ನು ಒಂದು ಪುಸ್ತಕದ ತಲೆಗೆ ಕಟ್ಟಿದ್ದರು.

ಮೊದಲ ಅನುಮಾನ ಸಹಪ್ರಾಧ್ಯಾಪಕರ ಮೇಲೆ ಹೋಯಿತು. ಡಾಕ್ಟರೇಟ್ ಪಡೆದ ಹನ್ನೊಂದು ಮಂದಿಯಲ್ಲಿ ಅವರು ಎಂಟನೆಯವರು, ವಿಭಾಗದಲ್ಲಿ ಈಗಿರುವವರು ಅವರೊಬ್ಬರೇ. ಒಂದೂ ಮುಕ್ಕಾಲಿಗೆ ಅವರ ಕೋಣೆಯಲ್ಲಿ ವಿಚಾರಣೆ.

“ರಿಜಿಸ್ಟರ್ ಕಾಣೆಯಾದ್ರೆ ನಿಮಗೆ ಲಾಭ ಅಲ್ವಾ?”

“ಏನು ಲಾಭ? ಐದು ಸಾಲಿನ ಪ್ರೂಫ್ ಅದು. ಆ ಹುಡುಗಿ ಎರಡು ನಿಮಿಷದಲ್ಲಿ ಮತ್ತೆ ಬರೀತಾಳೆ. ನಾನೂ ಬರೀಬಲ್ಲೆ. ಬುಧವಾರದಿಂದ ಊಟಕ್ಕೆ ಕೂತ್ರೂ ಅದೇ ಐದು ಸಾಲು. ನನ್ನ ತಲೆಯಿಂದ ಅದನ್ನ ಕದಿಯೋರು ಇದ್ರೆ ಕರ್ಕೊಂಡು ಬನ್ನಿ, ಕೈ ಮುಗೀತೀನಿ.”

ಇನ್‌ಸ್ಪೆಕ್ಟರ್ ಅಲ್ಲಿಂದೆದ್ದು ಮೊಗಸಾಲೆಯಲ್ಲಿ ಸ್ವಲ್ಪ ಹೊತ್ತು ನಿಂತರು. ಗಣಿತದವರು ಯಾರೂ ಇದನ್ನು ಕದಿಯುವುದಿಲ್ಲ. ಕದ್ದವರು ಕಾಗದವನ್ನು ನಂಬುವವರು. ಅಥವಾ ಆ ಪುಟ ಒಂದು ಮನೆಗೆ ಹೋಗದಿದ್ದರೆ ಸಾಕು ಅನ್ನುವವರು. ಅವರು ವಿದ್ಯಾರ್ಥಿನಿಯನ್ನು ಮತ್ತೆ ಕರೆಸಿದರು.

“ಬೀದಿಯ ಮಾತನ್ನ ನಮಗೆ ಹೇಳಿದೆಯಲ್ಲ, ಗಣಿತ ಗೊತ್ತಿಲ್ಲದ ಬೇರೆ ಯಾರಿಗಾದ್ರೂ ಹೇಳಿದ್ದೆಯಾ?”

“ಟೈಪಿಸ್ಟ್ ಅಮ್ಮನಿಗೆ ಹೇಳಿದ್ದೆ. ಬುಧವಾರ ಹಾಜರಿ ಪಟ್ಟಿ ತಗೊಳ್ಳೋಕೆ ಬಂದಿದ್ರು. ಯಾಕೆ ಎಲ್ಲರೂ ಹೀಗೆ ಕೂತಿದಾರೆ, ಏನಾಯ್ತು ಅಂತ ಕೇಳಿದ್ರು. ಹೇಳಿಬಿಟ್ಟೆ.” ಅವಳು ದನಿ ತಗ್ಗಿಸಿದಳು. “ಆಮೇಲೆ ನೆನಪಾಯ್ತು ಸರ್, ಅವರು ದೊಡ್ಡ ಮೇಷ್ಟ್ರ ತಂಗಿ.”

ಹೆಡ್ ಕಾನ್‌ಸ್ಟೇಬಲ್ ಬೀಗದ ಕೈ ಪುಸ್ತಕ ತರಿಸಿದ. ಗುರುವಾರ ಬೆಳಗ್ಗೆ 9.05ಕ್ಕೆ ಬೀರುವಿನ ಕೀ ಪಡೆದವರು: ಟೈಪಿಸ್ಟ್. ಹಿಂತಿರುಗಿಸಿದ್ದು 9.12ಕ್ಕೆ. ಕಾರಣ: ಒಂದು ರೀಮು ಕಾಗದ. ಕದಿಯಲು ಹೋಗುವಾಗಲೂ ಸಹಿ ಹಾಕಿಯೇ ಹೋದ ಕಳ್ಳರನ್ನು ಅವನು ತನ್ನ ಸರ್ವೀಸಿನಲ್ಲಿ ಕಂಡಿರಲಿಲ್ಲ. ಟೈಪಿಂಗ್ ಕೋಣೆಯ ಮೇಜಿನ ಮೇಲೆ ಹಳೆಯ ರೀಮೇ ಅರ್ಧ ಉಳಿದಿತ್ತು. ಹೊಸದು ಎಲ್ಲೂ ಇರಲಿಲ್ಲ.

ಟೈಪಿಸ್ಟ್‌ಗೆ ಐವತ್ತೈದು ದಾಟಿತ್ತು. ಬಲ ಮಣಿಕಟ್ಟಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡಿದ್ದರು. ಮಹಿಳಾ ಪೇದೆ ಬಾಗಿಲ ಬಳಿ ನಿಂತಳು. ಸಮಯ ಎರಡು ಐವತ್ತು.

“ಗುರುವಾರ ಕಾಗದ ತಗೊಂಡ್ರಾ?”

“ಇಲ್ಲ.”

“ಮತ್ತೆ?”

“ರಿಜಿಸ್ಟರ್.”

“ಎಲ್ಲಿದೆ?”

“ಮನೇಲಿ. ನನ್ನ ಬಟ್ಟೆ ಪೆಟ್ಟಿಗೆಯ ತಳದಲ್ಲಿ.”

“ಸುಟ್ಟು ಹಾಕಬಹುದಿತ್ತಲ್ಲ.”

“ಮೊದಲನೇ ಅರ್ಧದಲ್ಲಿ ಅಲ್ಲಲ್ಲಿ ಅಣ್ಣನ ಅಕ್ಷರ ಇದೆ.”

ಹನ್ನೊಂದು ಪ್ರಬಂಧಗಳನ್ನೂ ಟೈಪ್ ಮಾಡಿದವರು ಆಕೆಯೇ. ಯಂತ್ರದಲ್ಲಿಲ್ಲದ ಚಿಹ್ನೆಗಳನ್ನು ಒಂದೊಂದಾಗಿ ಪೆನ್ನಿನಿಂದ ತುಂಬಿದ್ದರು. ಅರ್ಥ ಒಂದರದ್ದೂ ಗೊತ್ತಿರಲಿಲ್ಲ. ಅಣ್ಣ ಒಪ್ಪಿದ್ದು ಅಂದಮೇಲೆ ಅರ್ಥ ಇದ್ದೇ ಇರುತ್ತದೆ ಎಂದುಕೊಂಡಿದ್ದರು.

“ಎರಡು ತಿಂಗಳು ಮುಚ್ಚಿಟ್ಟಿದ್ರೆ ಸಾಕಿತ್ತು ಸರ್,” ಎಂದರು. “ಇತಿಹಾಸ ಅಚ್ಚಾಗಿಬಿಡ್ತಿತ್ತು. ಅದೊಂದನ್ನ ಕೈಯಲ್ಲಿ ಹಿಡ್ಕೊಂಡು ಅವನು ನೋಡಿದ್ರೆ ಆಗಿತ್ತು. ಆಮೇಲೆ ನಾನೇ ತಂದಿಡ್ತಿದ್ದೆ.”

ಮೂರು ನಲವತ್ತಕ್ಕೆ ಅವರ ಮನೆಯಲ್ಲಿ ಪಂಚರ ಎದುರು ಹದಿನೇಳನೇ ಸಂಪುಟವನ್ನು ವಶಪಡಿಸಿಕೊಂಡರು. ಬಂಧನದ ಪತ್ರಕ್ಕೆ ಹತ್ತಿರದ ಸಂಬಂಧಿಯ ಸಹಿ ಬೇಕು. ಇದ್ದ ಸಂಬಂಧಿ ಒಬ್ಬರೇ, ಅದೇ ಮನೆಯ ಒಳಕೋಣೆಯಲ್ಲಿದ್ದ ಅಣ್ಣ. ತಂಗಿ ಇನ್‌ಸ್ಪೆಕ್ಟರ್ ಕಡೆ ನೋಡಿ, “ಯಾಕೆ ಅಂತ ಮಾತ್ರ ಹೇಳಬೇಡಿ” ಎಂದು ಪಿಸುಗುಟ್ಟಿದರು. ಇನ್‌ಸ್ಪೆಕ್ಟರ್ ಹೇಳಬಾರದೆಂದೇ ಒಳಗೆ ಹೋದರು.

ದೊಡ್ಡ ಮೇಷ್ಟ್ರು ಮಾತ್ರೆ ಡಬ್ಬಿಗಳ ನಡುವೆ ಬರೆಯುತ್ತ ಕೂತಿದ್ದರು. ಬಂಧನದ ಪತ್ರವನ್ನು ಎರಡು ಸಲ ಓದಿದರು.

“ರಿಜಿಸ್ಟರಾ? ಕೊಡಿ ಇಲ್ಲಿ.”

“ಅದು ಸಾಕ್ಷ್ಯ ಸರ್.”

“ನಿಮ್ಮ ಕೈಯಲ್ಲೇ ಇರಲಿ. ಕೊನೇ ಪುಟ ತೆಗೆದು ಹಿಡೀರಿ.”

ತಂಗಿ ಬೇಡವೆಂಬಂತೆ ಒಂದು ಹೆಜ್ಜೆ ಮುಂದಿಟ್ಟರು. ಮಹಿಳಾ ಪೇದೆ ತೋಳು ಹಿಡಿದಳು. ಇನ್‌ಸ್ಪೆಕ್ಟರ್ ಏನು ಮಾಡಬೇಕೆಂದು ತೋಚದೆ ಪುಟ ತೆರೆದು ಹಿಡಿದರು. ಮೇಷ್ಟ್ರು ಓದಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ.

“ಸರಿಯಾಗಿದೆ,” ಎಂದರು. “ಐದು ಸಾಲು ಬೇಕಾಗಿರಲಿಲ್ಲ. ನಾನು ಮಾಡಿದ್ದು ಮೂರೇ ಸಾಲಿನಲ್ಲಿ.”

“ಯಾವಾಗ ಅಣ್ಣಾ?” ತಂಗಿ ಕೇಳಿದರು.

“ಎಂಟು ವರ್ಷ ಆಯ್ತು ಪುಟ್ಟೀ.”

ಆ ಎಂಟು ವರ್ಷದಲ್ಲಿ ಮೂರು ಪ್ರಬಂಧಗಳಾಗಿದ್ದವು. ಮೂವರು ತಮ್ಮ ಪ್ರಾಯ ಕೊಟ್ಟು ಬರೆದವು. ಯಾರಿಗೂ ಹೇಳದೆ ಮೇಷ್ಟ್ರು ಆ ಮೂರಕ್ಕೂ ಮಾರ್ಗದರ್ಶಕರೆಂದು ಸಹಿ ಹಾಕಿದ್ದರು. ಅದಕ್ಕೆ ಯಾವ ಕಲಮು ಹಾಕಬೇಕೆಂದು ಇನ್‌ಸ್ಪೆಕ್ಟರಿಗೆ ತಿಳಿಯಲಿಲ್ಲ, ಕಲಮು ಇರಲೂ ಇಲ್ಲ.

“ಕೊನೇ ಮೂರನ್ನ ನಾನು ಕೈನೋವಲ್ಲೇ ಟೈಪ್ ಮಾಡಿದ್ದು,” ಎಂದರು ತಂಗಿ. ದೂರಿನ ಹಾಗೆ ಹೇಳಲಿಲ್ಲ, ಬರೀ ಹೇಳಿದರು.

“ಗೊತ್ತು.”

“ಒಂದು ಮಾತು ಹೇಳಬಹುದಿತ್ತಲ್ಲ.”

ಮೇಷ್ಟ್ರು ಪೆನ್ನು ಕೈಗೆತ್ತಿಕೊಂಡರು. ಬಂಧನದ ಪತ್ರಕ್ಕೆ ಸಹಿ ಹಾಕಿ, ಪೆನ್ನಿಗೆ ಮುಚ್ಚಳ ಹಾಕಿದರು. ಸಮಯ ನಾಲ್ಕು ಇಪ್ಪತ್ತು.

ಠಾಣೆಯಲ್ಲಿ ಐದು ಗಂಟೆಗೆ ತಂಗಿಯ ಹೇಳಿಕೆ ದಾಖಲಿಸುವ ಕೆಲಸ ಶುರುವಾಯಿತು. ಜಾಮೀನು ಸಿಗುವ ಪ್ರಕರಣ ಎಂದು ಇನ್‌ಸ್ಪೆಕ್ಟರ್ ಮೊದಲೇ ತಿಳಿಸಿದರು. ಆಕೆ ತಲೆಯಾಡಿಸಿದರು. ಕೇಳಿದ್ದಕ್ಕೆಲ್ಲ ನಿಧಾನವಾಗಿ, ಬರೆದುಕೊಳ್ಳುವವನಿಗೆ ಅನುಕೂಲವಾಗುವಷ್ಟು ಬಿಟ್ಟು ಬಿಟ್ಟು ಉತ್ತರ ಹೇಳಿದರು.

“ಕಾರಣ ಏನಂತ ಬರೀಲಿ?”

“ಅಣ್ಣನಿಗೆ ಗೊತ್ತಾಗಬಾರದು ಅಂತ.”

“ಅವರಿಗೆ ಗೊತ್ತಿತ್ತಲ್ಲಮ್ಮ.”

“ನನಗೆ ಗೊತ್ತಿರಲಿಲ್ಲವಲ್ಲ ಸರ್.”

ಇನ್‌ಸ್ಪೆಕ್ಟರ್ ಮೊದಲಿನ ವಾಕ್ಯವನ್ನೇ ಬರೆಸಿದರು. ಆಕೆ ಓದಿ, ಪ್ರತಿ ಪುಟದ ಕೆಳಗೆ ಸಹಿ ಮಾಡಿದರು. ಜಾಮೀನಿಗೆ ಮನೆಯಲ್ಲಿ ಯಾರಿಗೆ ಹೇಳಿಕಳಿಸಲಿ ಎಂದು ಮಹಿಳಾ ಪೇದೆ ಕೇಳಿದಳು.

“ಯಾರಿಗೂ ಬೇಡ,” ಎಂದರು ಆಕೆ. “ನಾನಿಲ್ಲೇ ಇರ್ತೀನಿ.”