ಇಂದು ಹೊಸದೇನೂ ಇಲ್ಲ

ನಾಲ್ಕನೇ ಸಲವೂ ಡಾಕ್ಟರ್ ದಿದೆಲೊ ಸಹಿ ಹಾಕಲಿಲ್ಲ.

ಫಾರಂ ಎತ್ತಿ ನೋಡಿದರು. ಕನ್ನಡಕವನ್ನು ಹಣೆಗೇರಿಸಿ ಮತ್ತೆ ನೋಡಿದರು. ಆಮೇಲೆ ಅದನ್ನು ಮೇಜಿನ ಮೇಲೆ ನನ್ನ ಕಡೆಗೆ ಮೆಲ್ಲಗೆ ಜರುಗಿಸಿದರು, ಊಟ ಸಾಕೆಂದು ತಟ್ಟೆ ಸರಿಸುವವರ ಹಾಗೆ.

"ಈ ತಿಂಗಳು ಬೇಡ ಮೇಡಂ."

"ಹೋದ ತಿಂಗಳೂ ಇದನ್ನೇ ಹೇಳಿದ್ರಿ."

"ಹೌದಾ? ಹಾಗಾದ್ರೆ ಮಾತಿಗೆ ತಪ್ಪಿಲ್ಲ ಅಂತಾಯ್ತು."

"ಕಾರಣ ಹೇಳಿ ಡಾಕ್ಟ್ರೆ, ಸಾಕು."

"ಕಾಫಿ ಕುಡೀತೀರಾ?"

ನಮ್ಮ ಜಗಳಗಳೆಲ್ಲ ಹೀಗೆಯೇ ಮುಗಿಯುತ್ತಿದ್ದವು. ಮೂರೂವರೆಗೆ ಕಾರಿಡಾರಿನ ಯಂತ್ರದ ಮುಂದೆ ನಿಂತು, ಕಾಫಿ ಎಂದು ಹೇಳಲಾಗದ ಏನನ್ನೋ ಇಬ್ಬರೂ ಕುಡಿಯುತ್ತಿದ್ದೆವು. ಲೋಟ ಬಿಸಿಯಿದ್ದರೆ ಅವರು ತಮ್ಮ ಕೋಟಿನ ತೋಳನ್ನು ಬೆರಳವರೆಗೆ ಎಳೆದುಕೊಂಡು ಹಿಡಿದು, ಒಂದು ನಿಮಿಷ ಆರಿಸಿ ನನಗೆ ಕೊಡುತ್ತಿದ್ದರು. ಸಹಿ ಹಾಕದ ಕೈಯೂ ಅದೇ. ನನ್ನ ಸಿಟ್ಟಿನ ಅರ್ಧ ಪಾಲು ಇದಕ್ಕೇ ಇತ್ತು.

ನನಗಾಗ ನಲವತ್ತೇಳು. ನಾನ್ಸಿ ನಗರದ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಕಲಿಸುತ್ತಿದ್ದೆ; ವಾರಕ್ಕೆರಡು ದಿನ ಟ್ರ್ಯಾಮ್ ಹಿಡಿದು ಗುಡ್ಡದ ಮೇಲಿನ ಆಸ್ಪತ್ರೆಗೆ ಬಂದು, ಬೇರೆ ಥರದ ಸಾಹಿತ್ಯ ಓದುತ್ತಿದ್ದೆ. ಅಲ್ಲಿನ ತೀವ್ರ ನಿಗಾ ಘಟಕದಲ್ಲಿ, ಪ್ರಜ್ಞೆಯಿಲ್ಲದೆ ಮಲಗಿದ ಪ್ರತಿಯೊಬ್ಬರ ಹಾಸಿಗೆ ಪಕ್ಕ ಒಂದು ನೋಟ್‌ಬುಕ್ ಇಟ್ಟಿರುತ್ತಾರೆ. ನರ್ಸು, ಆಯಾ, ಡಾಕ್ಟರು, ಮನೆಯವರು, ಯಾರು ಬೇಕಾದರೂ ಅದರಲ್ಲಿ ಬರೆಯಬಹುದು. ಎಚ್ಚರವಾದವರು ತಾವು ಕಳೆದುಕೊಂಡ ದಿನಗಳನ್ನು ಓದಿಕೊಳ್ಳಲಿ ಎಂದು. ಗುಣವಾಗಿ ಹೋದವರ ಒಪ್ಪಿಗೆ ಪಡೆದು, ಹೆಸರುಗಳನ್ನು ತೆಗೆದು, ವಾರ್ಡಿನವರು ಟೈಪು ಮಾಡಿ ನನಗೆ ಕೊಡುತ್ತಿದ್ದರು. ಬರೆದವರು ನನಗೆ ಬರೀ ನಂಬರುಗಳು.

ಆ ನಂಬರುಗಳಲ್ಲಿ ಎಂಟನೆಯದು ನನ್ನ ನಿದ್ದೆ ಕೆಡಿಸಿತು.

'ಮಾನ್ಯರೇ, ಇವತ್ತು ನಿಮ್ಮ ಗಡ್ಡ ಬೋಳಿಸಿದೆವು. ಎಡಗೆನ್ನೆಯಲ್ಲಿ ಗುಳಿಯಿದೆ. ನಿಮಗದು ಮೊದಲೇ ಗೊತ್ತಿರುತ್ತದೆ, ನನಗೆ ಗೊತ್ತಾಗಿದ್ದು ಇವತ್ತು.' ಇನ್ನೊಂದು ದಿನ: 'ಕಾರು ನಿಲ್ಲಿಸುವ ಜಾಗದ ಹಿಂದಿನ ಮಿರಾಬೆಲ್ ಮರ ಹೂಬಿಟ್ಟಿದೆ. ಹಣ್ಣಾಗುವುದರೊಳಗೆ ಏಳುವಿರಂತೆ. ಅವಸರವಿಲ್ಲ, ಆದರೆ ಹಕ್ಕಿಗಳು ಕಾಯುವುದಿಲ್ಲ.'

ಬರೆದವರು ಯಾರು ಎಂಬುದು ಮುಖ್ಯವಲ್ಲ, ಬರಹವೇ ಮಾತಾಡಬೇಕು. ನಮ್ಮ ದೇಶದ ಚಿಂತಕರು ಬಹಳ ಹಿಂದೆಯೇ ಹೇಳಿಟ್ಟ ಮಾತಿದು. ಇಪ್ಪತ್ತು ವರ್ಷ ನಾನೂ ಅದನ್ನೇ ಪಾಠ ಮಾಡಿದ್ದೆ. ಈಗ ಟ್ರ್ಯಾಮಿನಲ್ಲಿ ಕೂತು, ಎಂಟು ಯಾರು, ಎಂಟಕ್ಕೆ ಮದುವೆಯಾಗಿದೆಯೇ ಎಂದು ಯೋಚಿಸುತ್ತಿದ್ದೆ.

ಎಂಟಕ್ಕೆ ತದ್ವಿರುದ್ಧ ಮೂರು. 'ಮಧ್ಯಾಹ್ನ 3.10. ಬಂದಿದ್ದೆ. ಇಂದು ಹೊಸದೇನೂ ಇಲ್ಲ.' ಒಬ್ಬರಾದ ಮೇಲೊಬ್ಬರ ನೋಟ್‌ಬುಕ್‌ನಲ್ಲಿ, ದಿನಾ ಇದೇ ಸಾಲು. ಜೂನ್ ತಿಂಗಳಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಭಾಷಣ ಮಾಡುವಾಗ ನಾನು ಇದನ್ನು ಪರದೆಯ ಮೇಲೆ ತೋರಿಸಿ, "ಒಂದೇ ನೋಟ್‌ಬುಕ್‌ನಲ್ಲಿ 'ಹೊಸದೇನೂ ಇಲ್ಲ' ನಲವತ್ತೊಂದು ಸಲ ಬಂದಿದೆ. ಬರೆದವರು ಡಾಕ್ಟರು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ?" ಎಂದೆ. ಸಭೆ ನಕ್ಕಿತು. ಮೂರನೇ ಸಾಲಿನಲ್ಲಿ ಕೂತಿದ್ದ ಡಾಕ್ಟರ್ ದಿದೆಲೊ ಕೂಡ ಸಣ್ಣಗೆ ನಕ್ಕರು. ಆಮೇಲೆ ಎಂಟರ ಸಾಲುಗಳನ್ನು ಗಟ್ಟಿಯಾಗಿ ಓದಿದೆ. ಮುಂದಿನ ಸಾಲಿನವರು ಬರೆದುಕೊಂಡರು.

ಸಹಿಯ ಗೋಳು ಶುರುವಾಗಿದ್ದು ಆ ಭಾಷಣದ ನಂತರವೇ. ಆ ಬರಹಗಳನ್ನು ಪುಸ್ತಕ ಮಾಡಲು ಬೇಕಾದ ಅನುಮತಿಯ ಫಾರಂ ಅದು; ಘಟಕದ ಮುಖ್ಯಸ್ಥರಾದ ಡಾಕ್ಟರ್ ದಿದೆಲೊ ಅವರ ಸಹಿ ಸೆಪ್ಟೆಂಬರ್ ಮೂವತ್ತರೊಳಗೆ ಬರದಿದ್ದರೆ ಮೂರು ವರ್ಷದ ಕೆಲಸ ಕಪಾಟು ಸೇರುತ್ತಿತ್ತು.

"ಅವ್ರು ಯಾಕೆ ಹೀಗೆ ಸತಾಯಿಸ್ತಾರೆ?" ಎಂದು ಹೆಡ್ ನರ್ಸ್ ಮರಿವೊನ್‌ಳನ್ನು ಕೇಳಿದೆ. ಅವಳು ನನ್ನ ಶಾಲೆಯ ಗೆಳತಿ.

"ನಿನಗೆ ಸಹಿ ಬೇಕೋ, ಡಾಕ್ಟ್ರು ಬೇಕೋ, ಮೊದಲು ಅದನ್ನ ತೀರ್ಮಾನ ಮಾಡ್ಕೊಳ್ಳೇ ಎಡ್ವಿಜ್."

"ಸಹಿ."

"ಹಾಗಾದ್ರೆ ಲಿಪ್‌ಸ್ಟಿಕ್ ಯಾರಿಗೆ, ಫಾರಮ್ಮಿಗಾ?"

ಆಗಸ್ಟ್ ಕೊನೆಯಲ್ಲಿ ಡಾಕ್ಟರ್ ದಿದೆಲೊ ಕಾಫಿ ಯಂತ್ರದ ಹತ್ತಿರ ನನಗೊಂದು ಕಾಗದದ ಚೀಲ ಕೊಟ್ಟರು. ಒಳಗೆ ಹಳದಿ ಮಿರಾಬೆಲ್ ಹಣ್ಣುಗಳು, ಬಿಸಿಲಿಗೆ ಇನ್ನೂ ಬೆಚ್ಚಗಿದ್ದವು.

"ಹಿಂದಿನ ಮರದ್ದು," ಎಂದರು. "ಹಕ್ಕಿಗಳು ಕಾಯಲ್ಲ."

ಅವರು ಹಣ್ಣಿನ ರಸ ಮೆತ್ತಿದ ಬೆರಳುಗಳನ್ನು ಎಲ್ಲಿ ಒರೆಸಿಕೊಳ್ಳುವುದೆಂದು ತಿಳಿಯದೆ ನಿಂತಿದ್ದರು. ಐವತ್ತರ ಗಂಡಸು, ಕಿವಿಯವರೆಗೆ ಕೆಂಪಾಗಿ. ನಾನು ಕರವಸ್ತ್ರ ಕೊಟ್ಟೆ. ಅವರು ಅದನ್ನು ವಾಪಸು ಕೊಡಲಿಲ್ಲ.

ಹಕ್ಕಿಗಳು ಕಾಯಲ್ಲ. ಎಂಟರ ಮಾತು ಎಂಟರ ಬಾಯಿಂದಲೇ ಬಂದಿತ್ತು. ಇಡೀ ಎರಡು ವಾರ ಡಾಕ್ಟರನ್ನೂ ಎಂಟನ್ನೂ ಒಬ್ಬರನ್ನಾಗಿ ಹೊಲಿದೆ. ಇಷ್ಟು ಬರೆಯಬಲ್ಲವರು ನನ್ನೆದುರು ಯಾಕೆ ಮೂಗರಾಗುತ್ತಾರೆ? ನಾಚಿಕೆ. ಯಾಕೆ ಸಹಿ ಹಾಕುವುದಿಲ್ಲ? ತಾವೇ ಬರೆದದ್ದು ಬಯಲಾಗುತ್ತದೆಂಬ ಭಯ. ಪುರಾವೆ ಹೊಂದಿಸುವುದೇ ನನ್ನ ಕಸುಬು, ಎಲ್ಲವೂ ಸಲೀಸಾಗಿ ಹೊಂದಿಕೊಂಡಿತು.

ಸೆಪ್ಟೆಂಬರ್ ಹದಿನೈದಕ್ಕೆ ಅವರ ಕೋಣೆಗೆ ಹೋಗಿ ಬಾಗಿಲು ಹಾಕಿದೆ.

"ಇನ್ನು ಕಾರಣ ಕೇಳಲ್ಲ ಡಾಕ್ಟ್ರೆ. ನನಗೆ ಗೊತ್ತಾಗಿದೆ. ಎಂಟು ನೀವೇ." ಬಿಸಿಯೇರಿದ ಮುಖದಲ್ಲೇ ಮುಂದುವರಿಸಿದೆ. "ಆ ಸಾಲುಗಳನ್ನ ನಾನು ಬರೀ ಕೆಲಸಕ್ಕೆ ಓದಿಲ್ಲ. ಅವನ್ನ ಬರೆದವರ ಜೊತೆ ವಾರವಾರ ಕಾಫಿ ಕುಡೀತಿದ್ದೆ ಅಂತ ತಿಳಿದಾಗ ನನಗೆ ಎಷ್ಟು ಖುಷಿಯಾಯ್ತು ಅಂದ್ರೆ…"

ಅವರು ಕೈಯೆತ್ತಿ ತಡೆದರು.

"ನಾನಲ್ಲ ಮೇಡಂ."

"ಹಕ್ಕಿಗಳು ಕಾಯಲ್ಲ ಅಂದ್ರಲ್ಲ."

"ಆ ಮರದ ವಿಷಯಕ್ಕೆ ಇಡೀ ವಾರ್ಡೇ ಹಾಗನ್ನುತ್ತೆ." ಕನ್ನಡಕ ತೆಗೆದು, "ಗಡ್ಡ ಬೋಳಿಸೋದು ಡಾಕ್ಟರ ಕೆಲಸ ಅಂದ್ಕೊಂಡ್ರಾ?" ಎಂದರು.

ಕಂಬಳಿ ಹೊದಿಸುವವರು, ಮೈ ಒರೆಸುವವರು, ಗಡ್ಡ ತೆಗೆಯುವವರು ಯಾರೆಂದು ಅಲ್ಲಿ ಕಸ ಗುಡಿಸುವವರಿಗೂ ಗೊತ್ತು. ಸಾಹಿತ್ಯ ಓದಿದವಳಿಗೆ ಮಾತ್ರ ಗೊತ್ತಿರಲಿಲ್ಲ.

"ನಿಮ್ಮ ಭಾಷಣ ಆದ ಮರುದಿನ ಒಬ್ರು ನನ್ನ ಹತ್ರ ಬಂದ್ರು. ಹೆಸರು ಕೇಳ್ಬೇಡಿ. 'ನಾನು ಬರೆದದ್ದು ಹಾಸಿಗೆಯಲ್ಲಿ ಮಲಗಿದವರಿಗೆ, ಸಭೆಗಲ್ಲ' ಅಂದ್ರು. ಅತ್ರು. ಅವ್ರು ಯಾರು ಅಂತ ಸುಳಿವು ಕೊಡದೆ ನಿಮಗೆ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ. ಅದಕ್ಕೇ ಕಾಫಿ ಕೊಡಿಸ್ತಾ ಕೂತೆ."

"ಮೂರು ತಿಂಗಳು?"

"ನನಗೆ ಮಾತು ಸ್ವಲ್ಪ ನಿಧಾನ ಮೇಡಂ. ನಿಮಗೆ ಗೊತ್ತಿರೋದೇ. ನಲವತ್ತೊಂದು ಸಲ ಅಂತ ಎಣಿಸಿದ್ದೀರಲ್ಲ."

ನಾನು ಕುರ್ಚಿ ಹುಡುಕಿದೆ. ಪಕ್ಕದಲ್ಲೇ ಇತ್ತು.

"ಮೂರು… ನೀವಾ?"

"ಮೂರು ನಾನು."

ಅಲ್ಲಿಂದ ಹೇಗೆ ಹೊರಗೆ ಬಂದೆನೋ. ಒಂದು ವಾರ ಆಸ್ಪತ್ರೆಗೂ ಹೋಗಲಿಲ್ಲ, ವಿಶ್ವವಿದ್ಯಾಲಯಕ್ಕೂ ಹೋಗಲಿಲ್ಲ. ಮನೆಯಲ್ಲಿ ಕೂತು, ಸಿಟ್ಟು ತೀರಿಸಿಕೊಳ್ಳುವವಳ ಹಾಗೆ ಎಲ್ಲ ಹಾಳೆಗಳನ್ನೂ ಮೊದಲಿನಿಂದ ಓದಿದೆ. ಈ ಸಲ ಮೂರನ್ನು.

ತಾರೀಖುಗಳನ್ನು ನಾನು ನೋಡಿಯೇ ಇರಲಿಲ್ಲ. ಭಾನುವಾರಗಳಿದ್ದವು. ಈಸ್ಟರ್ ಇತ್ತು. ಅವರು ರಜೆಯಲ್ಲಿದ್ದಾರೆಂದು ಮರಿವೊನ್ ಹೇಳಿದ್ದ ವಾರವೂ ಇತ್ತು. ಎಲ್ಲ ದಿನವೂ ಮೂರೂ ಹತ್ತು. ತೀವ್ರ ನಿಗಾದಲ್ಲಿ ಹೊಸದೆಂದರೆ ಬಹಳ ಸಲ ಕೆಟ್ಟದ್ದೇ ಆಗಿರುತ್ತದೆ ಎಂಬುದು ಹೊಳೆಯಲು ಅಷ್ಟು ದಿನ ಬೇಕಾಯಿತು; ಹೊಸದೇನೂ ಇಲ್ಲ ಎನ್ನುವುದು ಅವರು ಕೊಡಬಹುದಾಗಿದ್ದ ಒಳ್ಳೆಯ ಸುದ್ದಿ. ಪರದೆಯ ಮೇಲೆ ನಾನು ಎಣಿಸಿದ್ದು ಆ ಎರಡು ಪದಗಳನ್ನು ಮಾತ್ರ. ಅವುಗಳಿಗಿಂತ ಮೊದಲು ಪ್ರತಿ ಸಲವೂ ಇದ್ದ 'ಬಂದಿದ್ದೆ' ಎಂಬುದನ್ನು ಎಣಿಸಿರಲಿಲ್ಲ.

ಸೋಮವಾರ ವಿಶ್ವವಿದ್ಯಾಲಯದ ನನ್ನ ಕೋಣೆಯ ಬೀಗ ತೆಗೆದೆ. ಬಾಗಿಲಿನಡಿ ತೂರಿಸಿದ್ದ ಐದು ಚೀಟಿಗಳು ನೆಲದ ಮೇಲಿದ್ದವು. ಐದರಲ್ಲೂ ಒಂದೇ ಸಾಲು.

'ಸಂಜೆ 5.20. ಬಂದಿದ್ದೆ. ಇಂದು ಹೊಸದೇನೂ ಇಲ್ಲ.'

ಕಣ್ಣು ತುಂಬಿತು, ಸಿಟ್ಟೂ ಬಂತು. ಒಂದು ಫೋನ್ ಮಾಡಬಾರದಿತ್ತೇ ಈ ಮನುಷ್ಯ.

ಎಂಟರ ಪ್ರತಿಯೊಂದು ಸಾಲನ್ನೂ ತೆಗೆದು ಹೊಸ ಫಾರಂ ಬರೆದೆ. ನನ್ನ ಪುಸ್ತಕದ ಹೂರಣವೆಲ್ಲ ಅಲ್ಲಿಗೆ ಹೋಯಿತು. ಗುಡ್ಡ ಹತ್ತಿ ಘಟಕದ ಬಾಗಿಲಿಗೆ ಬಂದಾಗ ಮೂರೂ ಹತ್ತು. ಗಾಜಿನಾಚೆ ಅವರು ಒಬ್ಬ ಮುದುಕಿಯ ಹಾಸಿಗೆ ಪಕ್ಕ ಕೂತಿದ್ದರು. ಯಂತ್ರಗಳನ್ನು ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದರು. ಹತ್ತು ನಿಮಿಷ ಹಾಗೇ ಕೂತಿದ್ದು, ನೋಟ್‌ಬುಕ್ ತೆಗೆದು ಒಂದು ಸಾಲು ಬರೆದು ಎದ್ದರು.

ಕಾಫಿ ಯಂತ್ರದ ಮುಂದೆ ಎರಡು ಲೋಟ ಹಿಡಿದು ಕಾದಿದ್ದೆ. ಅವರು ಫಾರಂ ಓದಿದರು.

"ಚೆನ್ನಾಗಿದ್ದ ಭಾಗವನ್ನೆಲ್ಲ ತೆಗೆದುಬಿಟ್ಟಿದ್ದೀರಿ."

"ಮೂರನ್ನ ಇಟ್ಕೊಂಡಿದ್ದೀನಿ."

"ಅದರಲ್ಲಿ ಏನಿದೆ ಓದೋಕೆ?"

"ಓದಿದ್ದು ಹೋದ ವಾರವೇ. ನೀವು ನಿಧಾನ ಅಂದ್ರೆ ನಾನು ನಿಮಗಿಂತ ನಿಧಾನ."

ಯಂತ್ರದ ಮೇಲೆಯೇ ಫಾರಂ ಇಟ್ಟು ಸಹಿ ಹಾಕಿದರು. ಪೆನ್ನಿಗಾಗಿ ಜೇಬಿಗೆ ಕೈ ಹಾಕಿದಾಗ ನನ್ನ ಕರವಸ್ತ್ರದ ಅಂಚು ಹೊರಗೆ ಬಂತು. ಒಗೆದು ಇಸ್ತ್ರಿ ಮಾಡಿದ್ದರು. ಅವರು ಅದನ್ನು ಮತ್ತೆ ಒಳಗೆ ತಳ್ಳಿದರು, ಕೊಡುವ ಯೋಚನೆ ಇಲ್ಲದವರ ಹಾಗೆ.

"ಭಾನುವಾರ ಏನ್ಮಾಡ್ತೀರಿ?" ಎಂದು ನಾನೇ ಕೇಳಿದೆ. ಇವರು ಕೇಳುವುದನ್ನು ಕಾಯುತ್ತ ಕೂತರೆ ನನಗೆ ಅರವತ್ತಾಗುತ್ತಿತ್ತು.

"ಮೂರೂ ಹತ್ತಕ್ಕೆ ಇಲ್ಲಿರ್ತೀನಿ."

"ಗೊತ್ತು. ಆಮೇಲೆ?"

ಅವರು ತೋಳನ್ನು ಬೆರಳವರೆಗೆ ಎಳೆದುಕೊಂಡು ನನ್ನ ಲೋಟ ತೆಗೆದುಕೊಂಡರು, ಆರಿಸಿದರು, ವಾಪಸು ಕೊಟ್ಟರು.

"ಆಮೇಲೆ ಏನೂ ಇಲ್ಲ," ಎಂದರು.

"ಸರಿ," ಎಂದೆ. "ನಾನೂ ಬರ್ತೀನಿ."